ಕಾಗಕ್ಕನ ಮನಿ ಯಾವ ಕೆಟಗರಿ?

ನಮ್ಮ ಘಟಪ್ರಭಾದ ಕಡೆ ಕಥೆ ಹೇಳುವ ಅಜ್ಜ-ಅಜ್ಜಿಯರಿಗೆ ಈಗ ಹೊಸ ಉದ್ಯೋಗವೊಂದು ಗಂಟುಬಿದ್ದಿದೆ. ಕಥೆ ಹೇಳಿ ಮುಗಿಸಿದರೆ ಸಾಲದು, ಅದರ ಪಂಚನಾಮೆಗೂ ಕೂರಬೇಕು. ಮಕ್ಕಳು ಸಾಲಿಯಿಂದ ಒಂದು ಝೆರಾಕ್ಸ್ ಹಾಳೆ ತರುತ್ತವೆ. ಅದರ ಮೇಲೆ ಅಡ್ಡಗೆರೆ, ಉದ್ದಗೆರೆ ಎಳೆದು ಮೂರು ಕಾಲಂ ಮಾಡಿರುತ್ತಾರೆ: ಪಾತ್ರಗಳು, ಕಥೆ ನಡೆದ ಸ್ಥಳ ಮತ್ತು ಕಾಲ, ಸಮಸ್ಯೆ. ಮನೆಯ ಹಿರಿಯರಿಂದ ಒಂದು ಕಥೆ ಕೇಳಿಕೊಂಡು ಮಕ್ಕಳೇ ಇದನ್ನು ತುಂಬತಕ್ಕದ್ದು ಅಂತ ಮೇಲೆ ಒಂದು ಸೂಚನೆ ಬೇರೆ. ತುಂಬುವವರು ಯಾರೆಂದು ತಿಳಿಯಬೇಕಾದರೆ ಸಂಜೆ ಏಳರ ಮೇಲೆ ಯಾವ ಮನೆಯ ಪಡಸಾಲೆಗಾದರೂ ಹಣಿಕಿ ಹಾಕಿರಿ. ಅಪ್ಪ ಪೆನ್ಸಿಲ್ ಹಿಡಿದಿರುತ್ತಾನೆ, ಅವ್ವ ರಬ್ಬರ್ ಹಿಡಿದಿರುತ್ತಾಳೆ, ಕೂಸು ಟೀವಿ ನೋಡುತ್ತಿರುತ್ತದೆ.

ನಮ್ಮ ಕಾಲಕ್ಕೆ ಈ ತಾಪತ್ರಯ ಇರಲಿಲ್ಲ. ಕಥೆಗೆ ಇದ್ದದ್ದು ಒಂದೇ ಬಾಲ: 'ಈ ಕಥೆಯ ನೀತಿ ಏನು?' ಅತಿ ಆಸೆ ಗತಿ ಕೇಡು ಅಂತ ಬರೆದರೆ ಮುಕ್ಕಾಲು ಪಾಲು ಕಥೆಗಳಲ್ಲಿ ಪಾಸು. ಉಳಿದ ಕಾಲು ಪಾಲಿಗೆ ಒಗ್ಗಟ್ಟಿನಲ್ಲಿ ಬಲವಿದೆ. ಇವೆರಡನ್ನು ಬಾಯಿಪಾಠ ಮಾಡಿಕೊಂಡವನಿಗೆ ಕಥೆ ಓದುವ ಜರೂರಿಯೇ ಇರಲಿಲ್ಲ. ಅದಕ್ಕಿಂತ ಈ ಮೂರು ಕಾಲಮ್ಮಿನ ಹಾಳೆ ಎಷ್ಟೋ ಮೇಲು. ಒಳಗೆ ಯಾರಿದ್ದಾರೆ, ಎಲ್ಲಿದ್ದಾರೆ, ಅವರಿಗೇನು ಬಂದಿದೆ ಅಂತ ಒಮ್ಮೆಯಾದರೂ ನೋಡಲೇಬೇಕು. ಹಾಳೆ ಬರೆದವರ ಲೆಕ್ಕ ತಪ್ಪಿದ್ದು ಒಂದೇ ಕಡೆ. ಮಕ್ಕಳು ನಿಜವಾಗಿಯೂ ನೋಡಿಬಿಟ್ಟರೆ ಏನು ಗತಿ ಅನ್ನುವುದನ್ನು ಅವರು ಯೋಚಿಸಿರಲಿಲ್ಲ.

ನನ್ನ ಮೊಮ್ಮಗಳು ಆರಿಸಿಕೊಂಡದ್ದು ಗುಬ್ಬಕ್ಕ-ಕಾಗಕ್ಕನ ಕಥೆ. ನಿಮಗೂ ಗೊತ್ತಿರುವುದೇ. ಕಾಗಕ್ಕನ ಮನೆ ಸೆಗಣಿಯದು. ಗುಬ್ಬಕ್ಕನ ಮನೆ ಕೆಲವರ ಬಾಯಲ್ಲಿ ಕಲ್ಲಿನದು, ಮರಾಠಿ ಮಾತಾಡುವ ಮನೆಗಳಲ್ಲಿ ಮೇಣದ್ದು. ಕಾಗೆಯದು ಮಾತ್ರ ಎರಡೂ ಭಾಷೆಯಲ್ಲಿ ಸೆಗಣಿಯದೇ. ಮಳೆ ಬಂತು, ಸೆಗಣಿ ಮನೆ ಹರಿದುಹೋಯಿತು. ಕಾಗಕ್ಕ ತೊಯ್ದು ತೊಪ್ಪೆಯಾಗಿ ಗುಬ್ಬಕ್ಕನ ಬಾಗಿಲು ಬಡಿದಳು. ಗುಬ್ಬಕ್ಕ ಒಳಗಿಂದಲೇ ತಡಿ ತಡಿ ಅಂದಳು. ಕೂಸಿಗೆ ಎರೀಬೇಕು, ಕೂಸಿಗೆ ಉಣಿಸಬೇಕು, ಕೂಸನ್ನು ಮಲಗಿಸಬೇಕು. ಮುಂದೆ ಒಬ್ಬೊಬ್ಬ ಅಜ್ಜಿ ಒಂದೊಂದು ರೀತಿ ಮುಗಿಸುತ್ತಾಳೆ. ಕೆಲವರ ಕಾಗೆ ಒಲೆಯ ಹತ್ತಿರ ಕೂತು ಸುಟ್ಟುಕೊಳ್ಳುತ್ತದೆ, ಕೆಲವರ ಕಾಗೆ ಮರಿಗಳನ್ನೇ ತಿಂದುಹಾಕುತ್ತದೆ.

"ಪಾತ್ರ ಯಾರ್ಯಾರು ಹೇಳವ್ವಾ," ಅಂದೆ.

"ಕಾಗಿ, ಗುಬ್ಬಿ, ಗುಬ್ಬಿ ಮರಿ, ಮಳಿ, ಬಾಗಲಾ."

"ಬಾಗಲಾ ಹ್ಯಾಂಗ ಪಾತ್ರ ಆಕ್ಕೈತಿ?"

"ಅಜ್ಜಾ, ಬಾಗಲಾ ಲಗೂನ ತಗದಿದ್ರ ಕಥಿ ಎಲ್ಲಿರ್ತಿತ್ತು?"

ಪಾತ್ರ ಅಂದರೆ ಜೀವ ಇರಬೇಕು, ಮಾತಾಡಬೇಕು ಅಂತ ನಾನು ಶಾಸ್ತ್ರ ತೆಗೆದೆ. ಟಕ್ ಟಕ್ ಅಂತ ಅದು ಮಾತಾಡಿಲ್ಲೇನು ಅಂತ ಅವಳು ತಿರುಗಿ ಕೇಳಿದಳು. ಹೀಗೆ ವಾದಿಸುವ ಕೂಸನ್ನು ನಾವು ಮುಂದೆ ವಕೀಲಿಗೆ ಹಚ್ಚುತ್ತೇವೆ. ಸದ್ಯಕ್ಕೆ ಮೂರನೇ ಇಯತ್ತೆಯಲ್ಲಿ ಕೂರಿಸಿದ್ದೇವೆ.

ಮೊಮ್ಮಗಳ ಪರವಾಗಿ ಹೇಳಬೇಕೆಂದರೆ ಅವಳ ಬೆನ್ನಿಗೆ ದೊಡ್ಡವರಿದ್ದಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಒಂದು ಕಾಲಕ್ಕೆ ಪಾಠ ಮಾಡುತ್ತಿದ್ದ ಎ.ಕೆ. ರಾಮಾನುಜನ್ ಕನ್ನಡದ ಅಜ್ಜಿಕಥೆಗಳನ್ನು ಕೂಡಿಹಾಕಿದವರು. ಅವುಗಳಲ್ಲಿ ಒಂದು, ಕಥೆಯೂ ಹಾಡೂ ಗೊತ್ತಿದ್ದು ಯಾರಿಗೂ ಹೇಳದ ಹೆಂಗಸಿನದು. ಒಳಗೇ ಕೂತು ಕೂತು ಬೇಸತ್ತ ಕಥೆ ಅವಳ ಬಾಯಿಂದ ಜಾರಿ ಹೊಸ್ತಿಲ ಹತ್ತಿರ ಜೋಡು ಆಯಿತು, ಹಾಡು ಗೂಟಕ್ಕೆ ನೇತುಬಿದ್ದ ಗಂಡಸಿನ ಅಂಗಿಯಾಯಿತು. ಮನೆಗೆ ಬಂದ ಗಂಡ, ಯಾರ ಜೋಡು ಇವು, ಯಾರ ಅಂಗಿ ಇದು ಅಂತ ಜಗಳ ತೆಗೆದು ಹನುಮಂತನ ಗುಡಿಗೆ ಮಲಗಲು ಹೋದ. ಊರ ದೀಪಗಳೆಲ್ಲ ಆರಿದ ಮೇಲೆ ಅವುಗಳ ಕುಡಿಗಳು ಆ ಗುಡಿಗೆ ಬಂದು ಹರಟೆ ಹೊಡೆಯುತ್ತವೆಯಂತೆ. ಒಂದು ದೀಪ ತಡವಾಗಿ ಬಂದು, ನಮ್ಮ ಮನೆಯಲ್ಲಿ ಈ ಹೊತ್ತು ಹೀಗೆ ಹೀಗೆ ಆಯಿತು ಅಂತ ಎಲ್ಲ ಒದರಿಬಿಟ್ಟಿತು. ಗಂಡನಿಗೆ ಅರ್ಥವಾಯಿತು. ಮನೆಗೆ ಬಂದು ಆ ಕಥೆ ಯಾವುದು ಅಂತ ಕೇಳಿದರೆ ಹೆಂಡತಿಗೆ ಮರೆತೇ ಹೋಗಿತ್ತು. ಗಿರೀಶ ಕಾರ್ನಾಡರು 'ನಾಗಮಂಡಲ'ದ ರಂಗಕ್ಕೆ ಇದೇ ದೀಪಗಳನ್ನು ಕರೆತಂದರು. ಈಗ ಹೇಳಿರಿ, ಈ ಕಥೆಯ ಪಾತ್ರಗಳನ್ನು ಬರೆ ಅಂದರೆ ಜೋಡು, ಅಂಗಿ, ದೀಪ ಬಿಟ್ಟು ಹ್ಯಾಗೆ ಬರೆಯುತ್ತೀರಿ? ಗಂಡ-ಹೆಂಡತಿ ಇಬ್ಬರನ್ನೇ ಬರೆದರೆ ಅದು ರೇಷನ್ ಕಾರ್ಡು ಆದೀತು. ದೀಪಕ್ಕೆ ಜಾಗ ಇರುವ ನಾಡಿನಲ್ಲಿ ಬಾಗಿಲಿಗೆ ಇಲ್ಲವೇ?

ಎರಡನೇ ಕಾಲಮ್ಮಿಗೆ ಬರೋಣ. ಸ್ಥಳ ಮತ್ತು ಕಾಲ. ಇಲ್ಲಿ ನಮ್ಮ ಅಜ್ಜಿಯರು ಮಹಾ ಚಾಲಾಕಿಗಳು. ಒಂದಾನೊಂದು ಕಾಲ, ಒಂದಾನೊಂದು ಊರು ಅಂತ ಹೇಳಿ ಕೈ ತೊಳೆದುಕೊಂಡರು. ಪುಣ್ಯಕೋಟಿಯ ಹಾಡು ಕಟ್ಟಿದಾತ ಮಾತ್ರ ಭೂಮಂಡಲದಿಂದ ಹಿಡಿದು ದೇಶದವರೆಗೆ ವಿಳಾಸ ಕೊಟ್ಟಿದ್ದಾನೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ನಮ್ಮ ಚಂದ್ರಶೇಖರ ಕಂಬಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶಿವಾಪುರ ಅಂತ ಒಂದು ಊರನ್ನೇ ಕಟ್ಟಿದರು. ಅವರ ಪಾತ್ರಗಳು ಹುಟ್ಟುವುದು, ಜಗಳಾಡುವುದು, ಕುಣಿಯುವುದು ಎಲ್ಲ ಅಲ್ಲೇ. 2010ನೇ ಸಾಲಿನ ಜ್ಞಾನಪೀಠ ಕಂಬಾರರಿಗೆ ಬಂದಾಗ ಅರ್ಧ ಪಾಲು ಶಿವಾಪುರಕ್ಕೂ ಸಲ್ಲಬೇಕಿತ್ತು ಅಂತ ನನ್ನ ವಾದ.

ಮೊಮ್ಮಗಳು ಸ್ಥಳದ ಮುಂದೆ 'ಗಿಡದ ಮ್ಯಾಲ' ಅಂತ ಬರೆಯುತ್ತಿದ್ದಳು. ಅಷ್ಟರಲ್ಲಿ ಬಾಜೂ ಮನೆಯ ಹುಡುಗ ಬಂದ. ಅವನಿಗೂ ಅದೇ ಹಾಳೆ.

"ಗಿಡ ಅಲ್ಲಲೇ, ಲೋಳಸೂರ ಪೂಲಿನ ಹಂತ್ಯಾಕ," ಅಂದ.

"ಹ್ಯಾಂಗಪಾ?"

"ಮನಿ ಹರಕೊಂಡು ಹೋಗೂವಷ್ಟು ನೀರು ಮತ್ತೆಲ್ಲಿ ಬರ್ತಾವರಿ?"

ಕಾಲ ಅಂತ ಇದ್ದಲ್ಲಿ ಅವನು 'ಆಗಸ್ಟ್ 2019' ಅಂತ ಬರೆದಿದ್ದ. ಆಗ ಅವನು ತೊಟ್ಟಿಲ ಕೂಸು. ಆದರೆ ಆ ಮಹಾಪೂರವನ್ನು ಮನೆಯವರ ಬಾಯಲ್ಲಿ ಎಷ್ಟು ಸಲ ಕೇಳಿದ್ದಾನೆಂದರೆ ತಾನೇ ಕಣ್ಣಾರೆ ಕಂಡಂತೆ ಹೇಳುತ್ತಾನೆ. ಲೋಳಸೂರ ಸೇತುವೆ ಮುಳುಗಿದ್ದು, ಗೋಕಾಕದ ಓಣಿಗಳಿಗೆ ನೀರು ಹೊಕ್ಕಿದ್ದು, ಸಾಲಿಗಳೆಲ್ಲ ಕಾಳಜಿ ಕೇಂದ್ರವಾಗಿ ಮಕ್ಕಳಿಗೆ ಸೂಟಿ ಸಿಕ್ಕಿದ್ದು. ನಾನು ಅವನ ಉತ್ತರ ತಿದ್ದಲಿಲ್ಲ. ಅಜ್ಜಿ ವಿಳಾಸ ಖಾಲಿ ಬಿಟ್ಟಿದ್ದೇ ಕೇಳುವವನು ತನ್ನ ಊರು ಬರೆದುಕೊಳ್ಳಲಿ ಅಂತ.

ಆದರೆ ಘಟಪ್ರಭಾ ಹೊಳೆಯನ್ನು ಯಾವ ಕಾಲಮ್ಮಿಗೆ ಹಾಕುವುದು ಅನ್ನುವುದು ನನಗೇ ಬಗೆಹರಿಯದು. ಸ್ಥಳ ಅನ್ನೋಣವೇ? ಸಹ್ಯಾದ್ರಿಯಲ್ಲಿ ಹುಟ್ಟಿ, ಹಿಡಕಲ್ಲಿನಲ್ಲಿ ರಾಜಾ ಲಖಮಗೌಡರ ಹೆಸರಿನ ಆಣೆಕಟ್ಟಿನ ಹಿಂದೆ ತಂಗಿ, ಧೂಪದಾಳದಲ್ಲಿ ಹಕ್ಕಿಗಳಿಗೆ ಇಂಬು ಕೊಟ್ಟು, ಗೋಕಾಕದಲ್ಲಿ 52 ಮೀಟರ್ ಎತ್ತರದಿಂದ ದುಮುಕಿ, ಮುಂದೆ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ ಕೂಡುವವಳು ಒಂದು ಕಡೆ ನಿಂತವಳಲ್ಲ. ಗಿರಣಿಗೂ ದುಡಿದಿದ್ದಾಳೆ. 1885ರಲ್ಲಿ ಫಾಲ್ಸಿನ ದಂಡೆಗೆ ನೂಲಿನ ಮಿಲ್ಲು ಬಂತು, ಮುಂದೆ ಇದೇ ನೀರಿನಿಂದ ಅಲ್ಲಿ ವಿದ್ಯುತ್ತು ತೆಗೆದರು. ತುಂಬಿ ಬಂದಾಗ ಹೆಣ್ಣುಮಕ್ಕಳು ಅವಳಿಗೆ ಉಡಿ ತುಂಬುತ್ತಾರೆ. ಸ್ಥಳಕ್ಕೆ ಯಾರಾದರೂ ಉಡಿ ತುಂಬುತ್ತಾರೆಯೇ? ಪಾತ್ರ ಅನ್ನೋಣವೆಂದರೆ, ಸಿಟ್ಟು ಬಂದ ವರ್ಷ ಮೂರನೇ ಕಾಲಮ್ಮಿಗೂ ಅವಳೇ ಹಕ್ಕುದಾರಳು.

ಆ ಮೂರನೇ ಕಾಲಮ್ಮಿನಲ್ಲೇ ನಮ್ಮ ಪಡಸಾಲೆಯ ಕದನ ರಂಗೇರಿದ್ದು. 'ಸಮಸ್ಯೆ' ಅಂತ ಮೇಲೆ, ಕೆಳಗೆ ಒಂದೂವರೆ ಬೆರಳು ಜಾಗ. ಹಾಳೆಗೆ ಬೇಕಾದ ಉತ್ತರ ಸರಳ: ಮಳೆಯಿಂದ ಕಾಗೆಯ ಮನೆ ಹಾಳಾಯಿತು. ಹುಡುಗ ಅಷ್ಟಕ್ಕೆ ಬಿಡಲಿಲ್ಲ.

"ಹಾಳಾತು ಅಂದ್ರ ಯಾವ ಕೆಟಗರಿ ಅಜ್ಜಾ? ಎ ಏನು ಸಿ?"

ಇದು ಊರ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಆ ಮಹಾಪೂರದ ನಂತರ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದ್ದರು. ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯಾದದ್ದಕ್ಕೆ 50 ಸಾವಿರ. ನಮ್ಮ ಕಡೆಯ ಮಕ್ಕಳಿಗೆ ಎ, ಬಿ, ಸಿ ಮೊದಲು ಗೊತ್ತಾದದ್ದು ಇಂಗ್ಲಿಷ್ ಪುಸ್ತಕದಿಂದಲೋ ಈ ಯಾದಿಯಿಂದಲೋ ಹೇಳುವುದು ಕಷ್ಟ.

"ಕಾಗಿ ಮನಿ ಎ ಕೆಟಗರಿನ. ಪಾಯಾ ಸೈತ ಉಳದಿಲ್ಲ," ಅಂತ ಹುಡುಗ ತೀರ್ಪು ಕೊಟ್ಟ.

"ಸೆಗಣಿ ಮನಿಗೆ ಉತಾರ ಎಲ್ಲೈತಿ? ಉತಾರ ಇಲ್ಲಂದ್ರ ರೊಕ್ಕ ಬರಂಗಿಲ್ಲ," ಅಂದಳು ಮೊಮ್ಮಗಳು.

ಅಲ್ಲಿಗೆ ಕಾಗಕ್ಕನ ಸಮಸ್ಯೆ ಮಳೆಯಿಂದ ಉತಾರಕ್ಕೆ, ಅಂದರೆ ಮನೆಯ ಹಕ್ಕಿನ ಕಾಗದಕ್ಕೆ ಬಂತು. ಬರೆಯಲು ಜಾಗ ಸಾಲಲಿಲ್ಲ. ಅಷ್ಟರಲ್ಲಿ ಅಡಿಗೆ ಮನೆಯಿಂದ ಸೊಸೆ ರೊಟ್ಟಿ ಬಡಿಯುವುದು ನಿಲ್ಲಿಸಿ ಒಂದು ಮಾತು ಒಗೆದಳು: "ಗುಬ್ಬಕ್ಕಗ ಏನೂ ತ್ರಾಸ ಇಲ್ಲೇನು? ಕೂಸಿಗೆ ಎರದು, ಉಣಿಸಿ, ಮಲಗಿಸೂದು ಒಬ್ಬಾಕಿನ ಮಾಡ್ಬೇಕು. ಗಂಡ ಗುಬ್ಬಿ ಎಲ್ಲಿ ಹೋಗ್ಯಾನ ಅಂತ ಯಾರೂ ಕೇಳಂಗಿಲ್ಲ."

ನನ್ನ ಮಗ ಪೇಪರ್ ಓದುತ್ತಿದ್ದವನು ಅದನ್ನು ಇನ್ನೂ ಸ್ವಲ್ಪ ಮೇಲೆ ಎತ್ತಿ ಹಿಡಿದುಕೊಂಡ.

ನೋಡಿರಿ, ಈ ಕಥೆ ನಾನು ಅರವತ್ತು ವರ್ಷದಿಂದ ಕೇಳುತ್ತ, ಹೇಳುತ್ತ ಬಂದವನು. ಗಂಡು ಗುಬ್ಬಿಯ ಸುದ್ದಿಯನ್ನು ಒಬ್ಬ ಗಂಡಸೂ ಎತ್ತಿದ್ದು ಕೇಳಿಲ್ಲ. ಪಾತ್ರಗಳ ಕಾಲಮ್ಮಿನಲ್ಲಿ ಬಾಗಿಲಿಗೆ ಜಾಗ ಕೊಡಬೇಕೋ ಬೇಡವೋ ಅಂತ ನಾವು ವಾದಿಸುತ್ತಿದ್ದಾಗ, ಕಥೆಯಲ್ಲಿ ಇಲ್ಲದವನೇ ಒಬ್ಬ ಪಾತ್ರ ಅಂತ ಅಡಿಗೆ ಮನೆಯಿಂದ ಗೊತ್ತಾಯಿತು. ಮರಿಗಳ ಮಾತಂತೂ ಬೇರೆಯೇ. ಕಾಗೆ ಒಳಗೆ ಬಂದದ್ದೇ ಅವುಗಳ ಸಮಸ್ಯೆ. ಬಾಗಿಲು ಮುಚ್ಚಿದ್ದು ಕಾಗೆಗೆ ತೊಂದರೆ, ತೆರೆದದ್ದು ಮರಿಗಳಿಗೆ. ಒಂದೇ ಬಾಗಿಲು!

ಸಮಸ್ಯೆ ಅನ್ನುವುದನ್ನು ನಮ್ಮ ಹಿಂದಿನವರು ಒಂದು ಸಾಲಿನಲ್ಲಿ ಮುಗಿಸಿದವರಲ್ಲ. ಪಂಜೆ ಮಂಗೇಶರಾಯರ 'ಸಿಗಡಿ ಯಾಕೆ ಒಣಗಲಿಲ್ಲ?' ಅನ್ನುವ ಕಥೆಗೆ ಸಮಸ್ಯೆಯೇ ಹೆಸರು. ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ, ಅವರು ಮತ್ತೊಬ್ಬರ ಕಡೆ. ಕಡಲ ದಂಡೆಯ ಕಥೆ. ನಮ್ಮ ಮಕ್ಕಳು ಸಿಗಡಿ ಕಂಡವರಲ್ಲ. ಆದರೂ ಕೇಳಿದ ಕೂಡಲೇ ಅರ್ಥವಾಗುತ್ತದೆ. ಮನಿ ಯಾಕ ಮುಳುಗಿತು? ಹೊಳಿ ಏರಿತು. ಹೊಳಿ ಯಾಕ ಏರಿತು? ಮ್ಯಾಲಿಂದ ನೀರು ಬಿಟ್ಟರು. ಯಾಕ ಬಿಟ್ಟರು? ಘಟ್ಟದಾಗ ಮಳಿ ಸುರಿತು. ಪಂಜೆಯವರು ಇದ್ದದ್ದು 1874ರಿಂದ 1937ರ ತನಕ. ಹಿಡಕಲ್ ಆಣೆಕಟ್ಟು ಅವರ ಕಾಲಕ್ಕೆ ಇರಲಿಲ್ಲ, ಕಥೆ ಮಾತ್ರ ತಯಾರಿತ್ತು.

ಪುಣ್ಯಕೋಟಿಯನ್ನೇ ತೆಗೆದುಕೊಳ್ಳಿ. ಸಮಸ್ಯೆ ಏನು ಅಂದರೆ ನಾವೆಲ್ಲ 'ಆಕಳು ಹುಲಿಯ ಕೈಗೆ ಸಿಕ್ಕಿತು' ಅನ್ನುತ್ತೇವೆ. ಅದೇ ಬಾಜೂ ಮನೆಯ ಹುಡುಗ ಇನ್ನೊಂದು ಹಾಳೆಯಲ್ಲಿ 'ಹುಲಿಗೆ ಹಸಿವಾಗಿತ್ತು' ಅಂತ ಬರೆದು ತಪ್ಪು ಗುರುತು ಹಾಕಿಸಿಕೊಂಡು ಬಂದಿದ್ದ. ತಪ್ಪೇನು? ಅತ್ತ ಹುಲಿ ಹಸಿದಿದೆ, ಇತ್ತ ದೊಡ್ಡಿಯಲ್ಲಿ ಕರು ಹಸಿದಿದೆ. ಎರಡು ಹಸಿವೆಯ ನಡುವೆ ಆಕಳು ಒಂದು ಮಾತು ಕೊಟ್ಟು ನಿಂತಿದೆ. ಹುಲಿಗೆ ಅರ್ಬುತ ಅಂತ ಹೆಸರಿದೆ, ಗೊಲ್ಲನಿಗೆ ಕಾಳಿಂಗ ಅಂತ ಹೆಸರಿದೆ, ಕರುವಿಗೆ ಮಾತ್ರ ಯಾರೂ ಹೆಸರಿಡಲಿಲ್ಲ. ಪಾತ್ರಗಳ ಕಾಲಮ್ಮಿನಲ್ಲಿ ಅದು ಯಾವಾಗಲೂ ಕೊನೆಗೆ, ಕೆಲವೊಮ್ಮೆ ಇಲ್ಲವೇ ಇಲ್ಲ.

ಕಥೆ ಹೇಳಿ ಪ್ರಶ್ನೆ ಕೇಳುವುದೂ ಹೊಸದೇನಲ್ಲ. ಕನ್ನಡ 'ಚಂದಮಾಮ' 1949ರಲ್ಲಿ ಶುರುವಾಯಿತು. ಅದನ್ನು ಓದಿ ಬೆಳೆದವರಿಗೆ ಬೇತಾಳ ನೆನಪಿರುತ್ತಾನೆ. ಹೆಗಲ ಮೇಲೆ ಕೂತು ಕಥೆ ಪೂರ್ತಿ ಹೇಳಿ, ಆಮೇಲೆ ಪ್ರಶ್ನೆ ಕೇಳುತ್ತಿದ್ದ. ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ ಅಂತ ಹೆದರಿಸುತ್ತಿದ್ದ. ಕಡಕ್ ಪರೀಕ್ಷಕನೇ ಸೈ. ಆದರೂ ಅವನ ಎರಡು ಗುಣ ನನಗೆ ಮೆಚ್ಚುಗೆ. ಕಥೆಯ ನಡುವೆ ಕಾಲಂ ತುಂಬು ಅನ್ನುತ್ತಿರಲಿಲ್ಲ, ಮತ್ತು ಅವನು ಕೇಳುವ ಪ್ರಶ್ನೆ ಎಲ್ಲರದೂ ಒಂದಿಷ್ಟು ಸರಿ ಇರುವಂಥದ್ದು. ಇವರಲ್ಲಿ ಯಾರು ದೊಡ್ಡವರು, ಯಾರ ತಪ್ಪು ಹೆಚ್ಚು ಅಂತ.

ಇಷ್ಟೆಲ್ಲ ಅಂದ ಮಾತ್ರಕ್ಕೆ ಹಾಳೆ ಕೊಟ್ಟ ಸಾಲಿಯ ಅಕ್ಕೋರ ಮೇಲೆ ನನಗೇನೂ ಸಿಟ್ಟಿಲ್ಲ. ವರ್ಗದ ತುಂಬ ಮಕ್ಕಳನ್ನು ಇಟ್ಟುಕೊಂಡು, ನಡುವೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಜನಗಣತಿಯ ಲೆಕ್ಕ ಬರೆಯುವವರಿಗೆ ಬೇತಾಳನಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಬಾಯಿ ಬಿಡದ ಕೂಸಿಗೂ ಈ ಹಾಳೆಯಲ್ಲಿ ಒಂದು ಹಿಡಿಕೆ ಇದೆ. 'ಕಾಗಿ' ಅಂತ ಒಂದು ಶಬ್ದ ಬರೆದರೂ ಅದು ಕಥೆಯೊಳಗೆ ಕಾಲಿಟ್ಟ ಹಾಗೆ. ನಮ್ಮ ಹಾಳೆ ತಿರುಗಿ ಬಂದಾಗ ಅಕ್ಕೋರು 'ಬಾಗಿಲು' ಅನ್ನುವುದರ ಮುಂದೆ ಕೆಂಪು ಪೆನ್ನಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದರು. ಹೊಡೆದು ಹಾಕಿರಲಿಲ್ಲ. ಮೊಮ್ಮಗಳು ಅದನ್ನು ಗೆಲುವು ಅಂತಲೇ ಲೆಕ್ಕ ಹಿಡಿದಿದ್ದಾಳೆ.

ನಿಮ್ಮ ಮನೆಗೂ ಇಂಥ ಹಾಳೆ ಬಂದೇ ಬರುತ್ತದೆ. ಬಂದಾಗ ಪೆನ್ಸಿಲ್ ಕೂಸಿನ ಕೈಗೇ ಬಿಡಿ. 'ಸಮಸ್ಯೆ' ಅಂತ ಇದ್ದಲ್ಲಿ 'ಯಾರಿಗೆ?' ಅಂತ ಒಂದು ಮಾತು ಕೇಳಿರಿ, ಸಾಕು. ಉತ್ತರಕ್ಕೆ ಜಾಗ ಸಾಲದಿದ್ದರೆ ಹಾಳೆ ಮಗುಚಿ ಕೊಡಿ. ಝೆರಾಕ್ಸ್ ಒಂದೇ ಮಗ್ಗುಲಿಗೆ ಮಾಡಿಸಿರುತ್ತಾರೆ, ಹಿಂಬದಿ ಪೂರ್ತಿ ಖಾಲಿ ಇರುತ್ತದೆ.