ಪ ತ ಕ ರ

ಹಲ್ಲಿನ ಸೆಟ್ಟಿನಲ್ಲಿ ಮೇಲಿನದು ಸಂಭಾವಿತ, ಕೆಳಗಿನದು ಪುಂಡ. ಮೇಲಿನದು ಅಂಗುಳಿನ ಉದ್ದಗಲಕ್ಕೂ ಅಂಟಿಕೊಂಡು, ನಡುವಿನ ಎಂಜಲಿನ ಪಸೆಯಲ್ಲೇ ನಿಂತುಬಿಡುತ್ತದೆ. ಕೆಳಗಿನದಕ್ಕೆ ಕೂರಲು ಇರುವುದು ಸವೆದ ವಸಡಿನ ಸಣ್ಣ ದಿಬ್ಬ ಅಷ್ಟೇ. ಒಳಗಿನಿಂದ ನಾಲಗೆ, ಹೊರಗಿನಿಂದ ಕೆನ್ನೆ ತುಟಿಗಳು ಹಿಡಿದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ಹಪ್ಪಳ ಮುರಿದ ಸದ್ದಿಗೇ ನನ್ನದು ಎದ್ದು ಕೂರುತ್ತಿತ್ತು.

ದಂತವೈದ್ಯೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸೆಟ್ ಸರಿಯಾಗಿದೆ ಸಾರ್. ನಿಮ್ಮ ನಾಲಗೆಗೇ ಶಕ್ತಿ ಸಾಲದು" ಅಂದರು. ಸಂಸಾರವಿಡೀ ಆ ನಾಲಗೆಯ ಪೆಟ್ಟು ತಿಂದ ನನ್ನಾಕೆ ಪಕ್ಕದಲ್ಲೇ ಕೂತಿದ್ದಳು. ಮೆಟ್ಟಿಲಿಳಿಯುವಾಗ, "ರೀ, ಯಾವುದಕ್ಕೂ ಇನ್ನೊಬ್ಬ ಡಾಕ್ಟರಿಗೆ ತೋರಿಸಿಬಿಡೋಣ" ಅಂದಳು.

ಅಂತೂ ವ್ಯಾಯಾಮ ಶುರುವಾಯಿತು. ಕೆನ್ನೆ ಉಬ್ಬಿಸಿ ಗಾಳಿಯನ್ನು ಎಡದಿಂದ ಬಲಕ್ಕೆ ದಾಟಿಸುವುದು. ನಾಲಗೆ ಚಾಚಿ ಮೂಗಿನ ಕಡೆಗೊಮ್ಮೆ, ಗದ್ದದ ಕಡೆಗೊಮ್ಮೆ ಒಯ್ಯುವುದು. ಅದೇ ನಾಲಗೆಯಿಂದ ಕೆನ್ನೆಯನ್ನು ಒಳಗಿನಿಂದ ದೂಡುತ್ತ ಹೊರಗಿನಿಂದ ಬೆರಳಲ್ಲಿ ತಡೆಯುವುದು. ಕಿವಿಯ ಮುಂದುಗಡೆ ಮೆಲ್ಲಗೆ ತೀಡಿದರೆ ಎಂಜಲೂರುತ್ತದೆ, ಒಣಬಾಯಲ್ಲಿ ಸೆಟ್ ನಿಲ್ಲುವುದಿಲ್ಲವಲ್ಲ. ಇಷ್ಟನ್ನೂ ಜಗಲಿಯ ಮೇಲೆ ಕೂತು ಮಾಡಬಾರದೆಂದು ಮಾತ್ರ ಡಾಕ್ಟರು ಹೇಳಿರಲಿಲ್ಲ. ಎದುರುಮನೆಯ ಮಗು ಮೊದಲ ದಿನ ಅತ್ತಿತು, ಮರುದಿನದಿಂದ ತಾನೂ ನಾಲಗೆ ಚಾಚತೊಡಗಿತು. ಅದರ ತಾಯಿ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ.

ಮುಖ್ಯ ಪಾಠ ಜಪಾನಿನದು. ಎಂಬತ್ತು ವಯಸ್ಸಿಗೂ ಇಪ್ಪತ್ತು ಸ್ವಂತ ಹಲ್ಲು ಉಳಿಸಿಕೊಳ್ಳಿ ಎಂದು 1989ರಿಂದ ಜನರ ಬೆನ್ನು ಬಿದ್ದಿರುವ ದೇಶ ಅದು. ಅಲ್ಲಿ ಮುದುಕರು ಊಟಕ್ಕೆ ಮುಂಚೆ ಗಟ್ಟಿಯಾಗಿ 'ಪ ತ ಕ ರ' ಹೇಳುತ್ತಾರೆ. 'ಪ' ಅನ್ನಲು ತುಟಿ ಬಿಗಿಯಾಗಿ ಮುಚ್ಚಬೇಕು, ಅನ್ನ ಹೊರಗೆ ಸೋರದಿರಲು ಬೇಕಾದದ್ದೂ ಅದೇ. 'ತ'ಕ್ಕೆ ನಾಲಗೆಯ ತುದಿ ಮೇಲೊತ್ತಬೇಕು, 'ಕ'ಕ್ಕೆ ನಾಲಗೆಯ ಬುಡ ಏಳಬೇಕು, ನುಂಗುವಾಗಲೂ ಹಾಗೇ. 'ರ'ಕ್ಕೆ ನಾಲಗೆ ಮಡಿಚಬೇಕು. ತುತ್ತನ್ನು ಒಟ್ಟುಗೂಡಿಸುವುದು ಆ ಮಡಿಕೆಯೇ. ನಾನು ಲಯವಾಗಿ ಹೇಳುತ್ತಿದ್ದರೆ ಹಾಲಿನವನು, "ಯಾವ ಪತ್ರಕರ್ತ ಬಂದವ್ನೆ ಸಾರ್?" ಅಂದ.

ಇದಕ್ಕೆ ಜಪಾನೇ ಯಾಕೆ ಬೇಕು ಅನ್ನುವುದು ನನ್ನ ತಕರಾರು. ನಮ್ಮ ಕಾಗುಣಿತದ ಮೇಷ್ಟರು ಬೆತ್ತ ಹಿಡಿದು ಮಾಡಿಸಿದ್ದೂ ಇದನ್ನೇ. ಕ-ವರ್ಗ ಗಂಟಲಲ್ಲಿ ಹೊರಟು, ಅಂಗುಳು, ಹಲ್ಲು ದಾಟಿ ಪ-ವರ್ಗಕ್ಕೆ ತುಟಿಗೆ ಬರುತ್ತದೆ. ಬಾಯಿಯ ಒಂದು ಮೂಲೆಯನ್ನೂ ಬಿಟ್ಟಿಲ್ಲ. ಈಗ ದಿನಾ ಮೊಮ್ಮಗಳ ಜೊತೆ ನಾನೂ ವರ್ಣಮಾಲೆ ಒಪ್ಪಿಸುತ್ತೇನೆ. ಶ, ಷ, ಸ ಬಂದಾಗ ಮಾತ್ರ ಮೂರೂ ಸೆಟ್ಟಿನ ಸಂದಿಯಿಂದ ಒಂದೇ ಸಿಳ್ಳೆಯಾಗಿ ಹೊರಡುತ್ತವೆ. ಟಿವಿ ವಾರ್ತೆಯವರಿಗೆ ಮೂವತ್ತೆರಡು ಹಲ್ಲಿದ್ದೂ ಹಾಗೇ ಆಗುವುದರಿಂದ ನಾನು ಬೇಸರಪಟ್ಟುಕೊಂಡಿಲ್ಲ.

ಜಪಾನಿನವರ ಲೆಕ್ಕದಲ್ಲಿ ಸೆಕೆಂಡಿಗೆ 6 ಸಲ 'ತ' ಬಾರದಿದ್ದರೆ ನಾಲಗೆ ಸೋತಿದೆ ಎಂದರ್ಥ. ಪಾರ್ಕಿನಲ್ಲಿ ಇದನ್ನು ಹೇಳಿದ್ದೇ ತಡ, ಬೆಂಚಿನ ಮೇಲಿದ್ದ ಪಿಂಚಣಿದಾರರೆಲ್ಲ ಪಂದ್ಯಕ್ಕೆ ನಿಂತರು. ಬೀಗಿದವರನ್ನೆಲ್ಲ ಹಿಂದಿಕ್ಕಿದವರು ಒಬ್ಬ ರಿಟೈರ್ಡ್ ಕಂಡಕ್ಟರು, ಸ್ಟಾಪುಗಳ ಹೆಸರನ್ನು ಒಂದೇ ಉಸಿರಿಗೆ ಕೂಗಿ ಪಳಗಿದ ಬಾಯಿ. ಯಾವ ಡಾಕ್ಟರ ಸೆಟ್ಟು ಎಂದು ಕೇಳಿದೆ. ಅವರು ಅಂಗಿಯ ಜೇಬು ತಟ್ಟಿ ತೋರಿಸಿದರು.

"ಅದನ್ನ ಹಾಕ್ಕೊಂಡ್ರೆ ಸ್ಪೀಡ್ ಬರಲ್ಲ ಸಾರ್."