ಇದ್ದ ಮೆನು ಎಲ್ಲಿ ಹೋಯ್ತು?

"ಅಂಕಲ್, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದ್ದಾಯ್ತು, ಆದ್ರೂ ಬರ್ತಿಲ್ಲ."

ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಇದೇ. ಪಕ್ಕದ ಮನೆಯ ಹುಡುಗಿ ಇಂಜಿನಿಯರಿಂಗ್ ಸೇರಿದ ಮೇಲಂತೂ ಸಂಜೆ ಗಿಡಗಳಿಗೆ ನೀರು ಬಿಡುವ ಹೊತ್ತಿಗೆ ಕಾಂಪೌಂಡ್ ಗೋಡೆಯ ಆಚೆಯಿಂದ ಇದು ಬಂದೇ ಬರುತ್ತದೆ. ಕೋಡ್ ಬರೆಯುವ ಎಡಿಟರ್‌ನಲ್ಲಿ ಇರಬೇಕಾದ ಮೆನು ಇಲ್ಲ. ನಿನ್ನೆ ಇದ್ದದ್ದು ಇವತ್ತಿಲ್ಲ. ಹಾಕಿದ ಪ್ಲಗಿನ್ ಕೆಲಸ ಮಾಡುತ್ತಿಲ್ಲ. ದೂರುಗಳು ನೂರು ಬಗೆ, ಮದ್ದು ಮಾತ್ರ ಒಂದೇ: ಕಿತ್ತುಹಾಕು, ಮತ್ತೆ ಹಾಕು.

ಈ ಮದ್ದಿನ ಬಗ್ಗೆ ನನಗೆ ದೊಡ್ಡ ತಕರಾರಿದೆ. ಎಷ್ಟೋ ಸಲ ತೊಂದರೆಯ ಮೂಲ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ವಿಎಸ್ ಕೋಡ್‌ನಂಥ ಎಡಿಟರ್ ಅನ್‌ಇನ್‌ಸ್ಟಾಲ್ ಮಾಡಿದರೂ ನಿಮ್ಮ ಸೆಟ್ಟಿಂಗ್ಸ್ ಮತ್ತು ಎಕ್ಸ್‌ಟೆನ್ಶನ್‌ಗಳು ಬೇರೆ ಫೋಲ್ಡರ್‌ನಲ್ಲಿ ಹಾಗೇ ಉಳಿದುಬಿಡುತ್ತವೆ. ಅಂದರೆ ಮನೆಗೆಲ್ಲ ಸುಣ್ಣ ಬಳಿದರೂ ಸೋರುವ ಹೆಂಚು ಹಾಗೇ ಇದೆ. ಅದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದು. ಅಕಸ್ಮಾತ್ ಸರಿಹೋದರೂ ಯಾಕೆ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ಅದೇ ಪಾಡು. ಒಂದು ಸೌಲಭ್ಯ ಕಾಣಿಸದೆ ಇರುವುದಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ. ಆ ಕಾರಣವನ್ನು ಎಡಿಟರ್ ಬಹುಪಾಲು ಎಲ್ಲೋ ಒಂದು ಕಡೆ ಬರೆದೂ ಇಟ್ಟಿರುತ್ತದೆ. ಅದನ್ನು ಓದುವುದು ಕಲಿಯಬೇಕು ಅನ್ನುವುದೇ ನನ್ನ ಹಟ.

ಮೊನ್ನೆ ಆ ಹುಡುಗಿಯ ದೂರು ಎಕ್ಲಿಪ್ಸ್ ಎಂಬ ಎಡಿಟರ್ ಬಗ್ಗೆ. ಸರ್ವ್ಲೆಟ್ ಪ್ರೋಗ್ರಾಂ ಬರೆಯಬೇಕು. ಲ್ಯಾಬ್ ಮ್ಯಾನುವಲ್‌ನಲ್ಲಿ 'ಫೈಲ್, ನ್ಯೂ, ಡೈನಾಮಿಕ್ ವೆಬ್ ಪ್ರಾಜೆಕ್ಟ್' ಅಂತ ಅಚ್ಚಾಗಿದೆ. ಇವಳ ಲ್ಯಾಪ್‌ಟಾಪಿನಲ್ಲಿ ಆ ಸಾಲೇ ಇಲ್ಲ.

"ಯಾವ ಎಕ್ಲಿಪ್ಸ್ ಹಾಕಿದೀಯಮ್ಮಾ?"

"ಎಕ್ಲಿಪ್ಸ್ ಅಂದ್ರೆ ಎಕ್ಲಿಪ್ಸೇ ಅಲ್ವಾ ಅಂಕಲ್?"

ಅಲ್ಲ. ಐಬಿಎಂ 2001ರಲ್ಲಿ ಎಕ್ಲಿಪ್ಸನ್ನು ಓಪನ್ ಸೋರ್ಸ್ ಆಗಿ ಬಿಟ್ಟುಕೊಟ್ಟಾಗಿನಿಂದಲೂ ಅದರ ಹೊಟ್ಟೆಯಲ್ಲಿ ಇರುವುದೆಲ್ಲ ಪ್ಲಗಿನ್‌ಗಳೇ. ಜಾವಾ ಬರೆಯುವ ಸೌಲಭ್ಯ ಕೂಡ ಅಲ್ಲಿ ಪ್ಲಗಿನ್‌ಗಳ ಒಂದು ಕಟ್ಟು. ಯಾವ ಯಾವ ಪ್ಲಗಿನ್ ಕಟ್ಟಿ ಕೊಡಬೇಕು ಅನ್ನುವುದರ ಮೇಲೆ ಬೇರೆಬೇರೆ ಪ್ಯಾಕೇಜ್‌ಗಳಿವೆ: ಜಾವಾ ಬರೆಯುವವರಿಗೆ ಒಂದು, ಎಂಟರ್‌ಪ್ರೈಸ್ ಜಾವಾ ಮತ್ತು ವೆಬ್‌ಗೆ ಒಂದು, ಸಿ ಮತ್ತು ಸಿ ಪ್ಲಸ್ ಪ್ಲಸ್‌ಗೆ ಇನ್ನೊಂದು. ಇವಳು ಹಾಕಿಕೊಂಡದ್ದು ಮೊದಲನೆಯದು. ಡೈನಾಮಿಕ್ ವೆಬ್ ಪ್ರಾಜೆಕ್ಟ್ ಇರುವುದು ಎರಡನೆಯದರಲ್ಲಿ. ಅದೇ ಪ್ಯಾಕೇಜನ್ನು ಹತ್ತು ಸಲ ಕಿತ್ತು ಹತ್ತು ಸಲ ಹಾಕಿದರೂ ಆ ಸಾಲು ಬರುವಂತಿಲ್ಲ. ಹೆಲ್ಪ್ ಮೆನುವಿನ 'ಇನ್‌ಸ್ಟಾಲ್ ನ್ಯೂ ಸಾಫ್ಟ್‌ವೇರ್' ತೆಗೆದು, ತನ್ನ ಆವೃತ್ತಿಯ ಸೈಟ್ ಆರಿಸಿ, 'ವೆಬ್, ಎಕ್ಸ್‌ಎಂಎಲ್, ಜಾವಾ ಇಇ' ಎಂದು ಶುರುವಾಗುವ ವಿಭಾಗದಿಂದ ಬೇಕಾದ್ದನ್ನು ಟಿಕ್ ಮಾಡಿದರೆ ಇದ್ದ ಎಕ್ಲಿಪ್ಸ್‌ನಲ್ಲೇ ಅದು ಬರುತ್ತದೆ.

ಅವಳ ಗೆಳತಿಯದು ಇನ್ನೊಂದು ಕತೆ. ಸರಿಯಾದ ಪ್ಯಾಕೇಜೇ ಇತ್ತು, ಆದರೂ ಸಾಲು ಕಾಣಿಸಲಿಲ್ಲ. ಎಕ್ಲಿಪ್ಸ್‌ನಲ್ಲಿ ಪರ್‌ಸ್ಪೆಕ್ಟಿವ್ ಅಂತ ಒಂದಿದೆ. ನೀವು ಜಾವಾ ಪರ್‌ಸ್ಪೆಕ್ಟಿವ್‌ನಲ್ಲಿದ್ದರೆ ನ್ಯೂ ಮೆನುವಿನಲ್ಲಿ ಜಾವಾಕ್ಕೆ ಸಂಬಂಧಪಟ್ಟದ್ದು ಮಾತ್ರ ಮುಂದೆ ಬರುತ್ತದೆ, ಉಳಿದದ್ದು ಕೆಳಗಿನ 'ಅದರ್' ಒಳಗೆ ಇರುತ್ತದೆ. ಇಬ್ಬರಿಗೂ ಕಾಣಿಸಿದ್ದು ಒಂದೇ, ಮೆನುವಿನಲ್ಲಿ ಖಾಲಿ ಜಾಗ. ಕಾರಣಗಳು ಮಾತ್ರ ಬೇರೆಬೇರೆ. ಒಬ್ಬಳ ಬಳಿ ಆ ಸೌಲಭ್ಯವೇ ಇರಲಿಲ್ಲ, ಇನ್ನೊಬ್ಬಳ ಬಳಿ ಇತ್ತು, ಎದುರಿಗಿರಲಿಲ್ಲ. ಇದಕ್ಕೇ ನಾನು ಹೇಳುವುದು, 'ಇಲ್ಲ' ಅಂದ ಕೂಡಲೇ ಕೈಹಾಕಬೇಡಿ, ಅದು ಯಾವ ಬಗೆಯ 'ಇಲ್ಲ' ಅಂತ ಮೊದಲು ಕೇಳಿ.

ಎಕ್ಲಿಪ್ಸ್‌ನ 'ಡ್ರಾಪಿನ್ಸ್' ಫೋಲ್ಡರ್ ವಿಷಯ ಹೇಳದೆ ಮುಂದೆ ಹೋಗಲಾರೆ. ಎಲ್ಲಿಂದಲೋ ಇಳಿಸಿಕೊಂಡ ಜಾರ್ ಫೈಲನ್ನು ಅದರೊಳಗೆ ಹಾಕಿ ಎಕ್ಲಿಪ್ಸ್ ತೆರೆದರೆ ಪ್ಲಗಿನ್ ಬರಬೇಕು. ಆದರೆ ಆ ಪ್ಲಗಿನ್‌ಗೆ ಬೇಕಾದ ಇನ್ನೊಂದು ಪ್ಲಗಿನ್ ಇಲ್ಲದಿದ್ದರೆ, ಅಥವಾ ಅದು ಕೇಳುವ ಜಾವಾ ಆವೃತ್ತಿ ನಿಮ್ಮ ಎಕ್ಲಿಪ್ಸ್ ಓಡುತ್ತಿರುವ ಜಾವಾಕ್ಕಿಂತ ಹೊಸದಾಗಿದ್ದರೆ, ಎಕ್ಲಿಪ್ಸ್ ಅದನ್ನು ಸದ್ದಿಲ್ಲದೆ ಪಕ್ಕಕ್ಕಿಡುತ್ತದೆ. ಪರದೆಯ ಮೇಲೆ ಒಂದು ಎರರ್ ಕೂಡ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ವಿಂಡೋ ಮೆನುವಿನ 'ಶೋ ವ್ಯೂ' ಒಳಗಿನ 'ಎರರ್ ಲಾಗ್' ತೆಗೆದು ನೋಡುವುದು, ಅಲ್ಲೂ ಸುಳಿವಿಲ್ಲದಿದ್ದರೆ ಜಾರ್ ಫೈಲ್ ಬಿಟ್ಟು 'ಇನ್‌ಸ್ಟಾಲ್ ನ್ಯೂ ಸಾಫ್ಟ್‌ವೇರ್' ದಾರಿಯಲ್ಲಿ ಹೋಗುವುದು ಒಳ್ಳೆಯದು. ಆ ದಾರಿಯಲ್ಲಿ ಏನಾದರೂ ಹೊಂದದಿದ್ದರೆ ಯಾವುದು ಹೊಂದಲಿಲ್ಲ ಅಂತ ಹೆಸರು ಹಿಡಿದು ಹೇಳುತ್ತದೆ.

ಹಳೆಯ ಎಡಿಟರ್‌ಗಳು ಏನು ಇದೆ, ಏನು ಇಲ್ಲ ಅಂತ ಹೇಳುವುದರಲ್ಲಿ ಬಹಳ ಪ್ರಾಮಾಣಿಕ. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್ ನೋಡಿ. ಉಬುಂಟು ಹಾಕಿದ ಹೊಸದರಲ್ಲಿ ವಿಐ ಎಂದು ಟೈಪ್ ಮಾಡಿ ತೆರೆದರೆ, ಬರೆಯುವಾಗ ಆ್ಯರೋ ಕೀ ಒತ್ತಿದಾಗ ಕರ್ಸರ್ ಸರಿಯುವ ಬದಲು ಎ, ಬಿ, ಸಿ, ಡಿ ಅಕ್ಷರಗಳು ಬಂದು ಕೂರುತ್ತವೆ. ಮಕ್ಕಳು ಕೀಬೋರ್ಡ್ ಹಾಳಾಯಿತು ಅಂದುಕೊಳ್ಳುತ್ತಾರೆ. ಕೀಬೋರ್ಡ್ ಸರಿಯಾಗೇ ಇದೆ. ಉಬುಂಟು ಜೊತೆಗೆ ಬರುವುದು 'ವಿಮ್ ಟೈನಿ' ಎಂಬ ಪುಟ್ಟ ರೂಪ. 'ವಿಮ್' ಅನ್ನುವ ಪೂರ್ತಿ ಪ್ಯಾಕೇಜ್ ಹಾಕಿದರೆ ಸರಿಹೋಗುತ್ತದೆ. ಕೋಲನ್ ಒತ್ತಿ 'ವರ್ಷನ್' ಎಂದು ಬರೆದು ಎಂಟರ್ ಒತ್ತಿದರೆ, ನಿಮ್ಮ ವಿಮ್‌ನಲ್ಲಿ ಇರುವ ಸೌಲಭ್ಯಗಳ ಹಿಂದೆ ಪ್ಲಸ್, ಇಲ್ಲದವುಗಳ ಹಿಂದೆ ಮೈನಸ್ ಹಾಕಿದ ಪಟ್ಟಿ ಬರುತ್ತದೆ. ಬೇರೆ ಕಡೆ ಕಾಪಿ ಮಾಡಿದ್ದು ಇಲ್ಲಿ ಪೇಸ್ಟ್ ಆಗುತ್ತಿಲ್ಲವೇ? 'ಕ್ಲಿಪ್‌ಬೋರ್ಡ್' ಹಿಂದೆ ಮೈನಸ್ ಇದೆಯೇ ನೋಡಿ. ಇದ್ದರೆ 'ವಿಮ್ ಜಿಟಿಕೆ 3' ಪ್ಯಾಕೇಜ್ ಹಾಕಿ. ನಿಯೋವಿಮ್‌ನಲ್ಲಿ 'ಚೆಕ್‌ಹೆಲ್ತ್' ಎಂಬ ಆಜ್ಞೆ ಇನ್ನೂ ಮುಂದೆ ಹೋಗಿ, ಏನು ಕೊರತೆ, ಹೇಗೆ ಸರಿಪಡಿಸಬೇಕು ಅನ್ನುವುದನ್ನೂ ಬರೆದು ತೋರಿಸುತ್ತದೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸುವವರಿಗೆ ಒಂದೇ ಮಾತು. 64 ಬಿಟ್ ಎಡಿಟರ್‌ಗೆ 32 ಬಿಟ್ ಪ್ಲಗಿನ್ ಹಿಡಿಸುವುದಿಲ್ಲ. 2018ರ 7.6 ಆವೃತ್ತಿಯಿಂದ ಪ್ರತಿ ಪ್ಲಗಿನ್ ತನ್ನದೇ ಹೆಸರಿನ ಫೋಲ್ಡರ್ ಒಳಗೆ ಇರಬೇಕು. ಹಳೆಯ ಪುಸ್ತಕ ನೋಡಿಕೊಂಡು ಡಿಎಲ್‌ಎಲ್ ಫೈಲನ್ನು ನೇರ ಪ್ಲಗಿನ್ಸ್ ಫೋಲ್ಡರ್‌ಗೆ ಹಾಕಿದರೆ ಅದು ಕಾಣಿಸುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ಮೆನುವಿನಲ್ಲಿರುವ 'ಡೀಬಗ್ ಇನ್ಫೋ' ತೆಗೆದರೆ ಎಷ್ಟು ಬಿಟ್, ಯಾವ ಪ್ಲಗಿನ್ ಲೋಡ್ ಆಗಿದೆ ಎಲ್ಲ ಅಲ್ಲೇ ಇದೆ.

ಇನ್ನು ಈಗಿನ ಮಕ್ಕಳ ಕೈಯಲ್ಲಿ ಸದಾ ಇರುವ ವಿಎಸ್ ಕೋಡ್. ಅದರಲ್ಲಿ ಸೌಲಭ್ಯ ಮಾಯವಾಗುವ ದಾರಿಗಳು ಹಲವು.

"ಫ್ರೆಂಡ್ ಕಳಿಸಿದ ಪ್ರಾಜೆಕ್ಟ್ ತೆಗೆದ್ರೆ ಡೀಬಗ್ ಆಗಲ್ಲ ಅಂಕಲ್. ನನ್ನ ಪ್ರಾಜೆಕ್ಟ್ ಮಾತ್ರ ಚೆನ್ನಾಗಿ ಆಗತ್ತೆ."

"ಕೆಳಗಿನ ಪಟ್ಟಿಯಲ್ಲಿ ಎಡಗಡೆ ಏನ್ ಬರ್ದಿದೆ ನೋಡು ಪುಟ್ಟಿ."

ಬರೆದದ್ದು 'ರಿಸ್ಟ್ರಿಕ್ಟೆಡ್ ಮೋಡ್'. 2021ರಲ್ಲಿ ಬಂದ ವ್ಯವಸ್ಥೆ ಇದು. ಬೇರೆಯವರ ಫೋಲ್ಡರ್ ಒಳಗೆ ನಿಮ್ಮ ಯಂತ್ರದಲ್ಲಿ ಏನೋ ಓಡಿಸುವ ಸೆಟ್ಟಿಂಗ್ಸ್, ಟಾಸ್ಕ್‌ಗಳು ಅಡಗಿರಬಹುದು. ಅದಕ್ಕೇ ನೀವು ನಂಬುತ್ತೇನೆ ಎಂದು ಹೇಳುವವರೆಗೆ ಡೀಬಗ್, ಟಾಸ್ಕ್ ಮತ್ತು ಹಲವು ಎಕ್ಸ್‌ಟೆನ್ಶನ್‌ಗಳು ಕೈಕಟ್ಟಿ ಕೂರುತ್ತವೆ. ಈ ತಡೆ ನಮ್ಮ ಒಳ್ಳೆಯದಕ್ಕೇ ಇದೆ. ಯಾರ ಫೋಲ್ಡರ್ ಅಂತ ಗೊತ್ತಿದ್ದರೆ ಮಾತ್ರ ಒಪ್ಪಿಗೆ ಕೊಡಿ.

ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ ಮೂಲಕ ಲಿನಕ್ಸ್ ಬಳಸುವವರಿಗೆ ಇನ್ನೊಂದು ತೊಡಕು. ಎಕ್ಸ್‌ಟೆನ್ಶನ್ ಇರುವುದು ವಿಂಡೋಸ್ ಕಡೆ, ಕೋಡ್ ಇರುವುದು ಲಿನಕ್ಸ್ ಕಡೆ. ಎಕ್ಸ್‌ಟೆನ್ಶನ್ ಪಟ್ಟಿ ತೆಗೆದರೆ ಎರಡು ವಿಭಾಗ ಕಾಣುತ್ತದೆ, ಮಸುಕಾದ ಹೆಸರಿನ ಪಕ್ಕದಲ್ಲೇ 'ಇನ್‌ಸ್ಟಾಲ್ ಇನ್ ಡಬ್ಲ್ಯೂಎಸ್‌ಎಲ್' ಎಂಬ ಬಟನ್ ಇರುತ್ತದೆ. ಪೈಥಾನ್‌ನಲ್ಲಿ ಲೈಬ್ರರಿ ಹಾಕಿದ್ದರೂ ಇಂಪೋರ್ಟ್ ಸಾಲಿನ ಕೆಳಗೆ ಗೆರೆ ಬಿದ್ದರೆ, ಬಹುಪಾಲು ಎಡಿಟರ್ ಹಿಡಿದಿರುವ ಪೈಥಾನ್ ಒಂದು, ನೀವು ಲೈಬ್ರರಿ ಹಾಕಿದ ಪೈಥಾನ್ ಇನ್ನೊಂದು. ಬಲಗಡೆ ಕೆಳಗಿನ ಇಂಟರ್‌ಪ್ರಿಟರ್ ಹೆಸರನ್ನು ಕ್ಲಿಕ್ ಮಾಡಿ ಬದಲಿಸಿದರೆ ಮುಗಿಯಿತು.

2016ರಲ್ಲಿ ಪ್ರಕಟವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಬಗ್ಗೆಯೂ ಮಕ್ಕಳಿಗೆ ಯಾರಾದರೂ ಹೇಳಬೇಕು. ಪದ ಪೂರ್ತಿ ಮಾಡುವುದು, ತಪ್ಪು ತೋರಿಸುವುದು, ಡೆಫಿನಿಷನ್‌ಗೆ ಹಾರುವುದು, ಇವನ್ನು ಈಗ ಹಲವು ಎಡಿಟರ್‌ಗಳು ತಾವೇ ಮಾಡುವುದಿಲ್ಲ. ಸಿ ಭಾಷೆಗೆ ಕ್ಲ್ಯಾಂಗ್‌ಡಿ, ಗೋ ಭಾಷೆಗೆ ಗೋಪಿಎಲ್‌ಎಸ್, ಹೀಗೆ ಪ್ರತ್ಯೇಕ ಪ್ರೋಗ್ರಾಂಗಳು ಹಿನ್ನೆಲೆಯಲ್ಲಿ ಓಡುತ್ತಾ ಉತ್ತರ ಕೊಡುತ್ತಿರುತ್ತವೆ. ಎಕ್ಸ್‌ಟೆನ್ಶನ್ ಇದ್ದು ಸರ್ವರ್ ಇಲ್ಲದಿದ್ದರೆ ಎಲ್ಲ ಹಾಕಿದ ಹಾಗೇ ಕಾಣುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. 'ಔಟ್‌ಪುಟ್' ಪ್ಯಾನೆಲ್ ತೆರೆದು ಪಟ್ಟಿಯಿಂದ ಆ ಎಕ್ಸ್‌ಟೆನ್ಶನ್ ಹೆಸರು ಆರಿಸಿ ಓದಿದರೆ, ಏನು ಸಿಗಲಿಲ್ಲ ಅಂತ ಬರೆದಿರುತ್ತದೆ.

ಕೆಲವೊಮ್ಮೆ ಪ್ಲಗಿನ್ ಹೋಗಿರುವುದು ಶುಭಸಮಾಚಾರವೂ ಆಗಿರುತ್ತದೆ. ಆವರಣ ಚಿಹ್ನೆಗಳಿಗೆ ಜೋಡಿಜೋಡಿಯಾಗಿ ಬಣ್ಣ ಹಚ್ಚುವ 'ಬ್ರಾಕೆಟ್ ಪೇರ್ ಕಲರೈಸರ್' ಎಂಬ ಎಕ್ಸ್‌ಟೆನ್ಶನ್ ಬಹಳ ಜನಪ್ರಿಯವಾಗಿತ್ತು. 2021ರಲ್ಲಿ ಆ ಸೌಲಭ್ಯವನ್ನು ವಿಎಸ್ ಕೋಡ್ ಒಳಗೇ, ಹಲವು ಪಟ್ಟು ವೇಗವಾಗಿ ಕೆಲಸ ಮಾಡುವ ಹಾಗೆ ಕಟ್ಟಿಕೊಟ್ಟರು. ಎಕ್ಸ್‌ಟೆನ್ಶನ್ ನಿವೃತ್ತಿಯಾಯಿತು. ಹಾಗಾಗಿ ಹಳೆಯ ಪ್ಲಗಿನ್ ಸಿಗದಿದ್ದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ ಕೆಲಸದ ಹೆಸರು ಹುಡುಕಿ.

ಮೇಲಿನವೆಲ್ಲ ತಾಂತ್ರಿಕ ಕಾರಣ. ಜನರು ಕೂತು ತೀರ್ಮಾನಿಸಿದ ಕಾರಣಗಳೂ ಇವೆ, ಅವುಗಳ ಬಗ್ಗೆ ನನಗೆ ಕಾಳಜಿ ಹೆಚ್ಚು. ಹುಡುಗಿಯ ಅಣ್ಣ ವಿಎಸ್‌ಕೋಡಿಯಂ ಬಳಸುತ್ತಾನೆ. ಅವನಿಗೆ ಪೈಲ್ಯಾನ್ಸ್ ಎಂಬ ಪೈಥಾನ್ ಎಕ್ಸ್‌ಟೆನ್ಶನ್ ಸಿಗುತ್ತಿಲ್ಲ.

"ಇದೂ ವಿಎಸ್ ಕೋಡೇ ತಾನೇ ಅಂಕಲ್? ಓಪನ್ ಸೋರ್ಸ್ ಅಲ್ವಾ?"

"ಮೂಲ ಕೋಡ್ ಓಪನ್ ಸೋರ್ಸ್ ಹೌದಪ್ಪ. ಅಂಗಡಿ ಮಾತ್ರ ಅವರದು."

ಮೈಕ್ರೋಸಾಫ್ಟ್ 2015ರ ನವೆಂಬರ್‌ನಲ್ಲಿ ವಿಎಸ್ ಕೋಡ್‌ನ ಮೂಲ ಕೋಡನ್ನು ಎಂಐಟಿ ಪರವಾನಗಿಯಲ್ಲಿ ಕೊಟ್ಟಿತು. ಅದೇ ಕೋಡಿನಿಂದ, ಬಳಕೆಯ ಮಾಹಿತಿ ಕಳಿಸುವ ಭಾಗ ಮುಚ್ಚಿ, ಸ್ವಯಂಸೇವಕರು ಕಟ್ಟಿಕೊಡುವುದು ವಿಎಸ್‌ಕೋಡಿಯಂ. ಆದರೆ ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಶನ್ ಮಾರ್ಕೆಟ್‌ಪ್ಲೇಸ್‌ನ ನಿಯಮದ ಪ್ರಕಾರ ಅದನ್ನು ಬಳಸಬೇಕಾದ್ದು ಅವರದೇ ಉತ್ಪನ್ನಗಳ ಜೊತೆ. ಹೀಗಾಗಿ ವಿಎಸ್‌ಕೋಡಿಯಂ ಹೋಗುವುದು ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್‌ಗೆ. ಎಕ್ಸ್‌ಟೆನ್ಶನ್ ಬರೆದವರು ಅಲ್ಲಿಗೂ ಹಾಕಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಪೈಲ್ಯಾನ್ಸ್, ರಿಮೋಟ್ ಎಸ್‌ಎಸ್‌ಎಚ್‌ನಂಥವುಗಳ ಪರವಾನಗಿಯೇ ಬೇರೆ. ಅವನಿಗೆ ಹೇಳಿದೆ, ಪೈಲ್ಯಾನ್ಸನ್ನು ಅಡ್ಡದಾರಿಯಲ್ಲಿ ತಂದು ಹಾಕಬೇಡ, ಪೈಲ್ಯಾನ್ಸ್‌ನ ಒಳಗಿರುವ ಪೈರೈಟ್ ಓಪನ್ ಸೋರ್ಸ್, ಅದರ ಮೇಲೆ ಕಟ್ಟಿದ ಬೇಸ್ಡ್‌ಪೈರೈಟ್ ಓಪನ್ ವಿಎಸ್‌ಎಕ್ಸ್‌ನಲ್ಲಿದೆ, ಅದನ್ನು ಹಾಕು. ಬೇರೆ ಯಾವುದೋ ಓಪನ್ ಸೋರ್ಸ್ ಎಕ್ಸ್‌ಟೆನ್ಶನ್ ಅಲ್ಲಿಲ್ಲ ಅಂದರೆ ಬರೆದವರಿಗೆ ವಿನಯದಿಂದ ಕೇಳು. ಅನೇಕರು ಸಂತೋಷವಾಗಿ ಹಾಕುತ್ತಾರೆ.

ಎಲ್ಲ ಇದ್ದೂ ಏನೋ ಕೆಡುತ್ತಿದ್ದರೆ, ಎರಡು ಪ್ಲಗಿನ್‌ಗಳ ನಡುವೆ ಜಗಳ ಇರಬಹುದು. ಒಮ್ಮೆ ಪ್ಲಗಿನ್‌ಗಳಿಲ್ಲದೆ ತೆರೆದು ನೋಡಿ. ವಿಮ್‌ನಲ್ಲಿ 'ಕ್ಲೀನ್' ಆಯ್ಕೆ ಇದೆ, ಈಮ್ಯಾಕ್ಸ್‌ನಲ್ಲಿ ಕ್ಯಾಪಿಟಲ್ 'ಕ್ಯೂ' ಅಕ್ಷರದ ಆಯ್ಕೆ ಇದೆ, ವಿಎಸ್ ಕೋಡ್‌ನಲ್ಲಿ ಎಲ್ಲ ಎಕ್ಸ್‌ಟೆನ್ಶನ್ ಆಫ್ ಮಾಡಿ ತೆರೆಯುವ ದಾರಿ ಇದೆ. ಆಗ ಸರಿಹೋದರೆ ತಪ್ಪು ಪ್ಲಗಿನ್‌ನದು. ಯಾವುದು ಅಂತ ತಿಳಿಯಲು ವಿಎಸ್ ಕೋಡ್‌ನಲ್ಲಿ 'ಎಕ್ಸ್‌ಟೆನ್ಶನ್ ಬೈಸೆಕ್ಟ್' ಎಂಬ ಒಳ್ಳೆಯ ಸಾಧನ ಇದೆ. ಅರ್ಧ ಎಕ್ಸ್‌ಟೆನ್ಶನ್ ಆಫ್ ಮಾಡಿ 'ಈಗ ಹೇಗಿದೆ?' ಅಂತ ಕೇಳುತ್ತದೆ, ಉತ್ತರ ನೋಡಿ ಉಳಿದದ್ದನ್ನು ಮತ್ತೆ ಅರ್ಧ ಮಾಡುತ್ತದೆ. ತಪ್ಪಿತಸ್ಥ ಒಂದೇ ಇದ್ದರೆ 32 ಎಕ್ಸ್‌ಟೆನ್ಶನ್‌ಗಳ ನಡುವೆ ಅದನ್ನು ಹಿಡಿಯಲು ಐದು ಸಲ ಅರ್ಧ ಮಾಡಿದರೆ ಸಾಕು. ಮಕ್ಕಳು ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಕಲಿಯುವ ಬೈನರಿ ಸರ್ಚ್ ಇಲ್ಲಿ ಕಣ್ಣೆದುರೇ ಕೆಲಸ ಮಾಡುತ್ತದೆ.

ಕಾಲೇಜುಗಳಲ್ಲಿ ಲ್ಯಾಬ್ ನಡೆಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನನ್ನದೊಂದು ಕಳಕಳಿಯ ಕೋರಿಕೆ. ಮೊದಲ ಲ್ಯಾಬ್‌ನಲ್ಲಿ ಪ್ರೋಗ್ರಾಂ ಬರೆಸುವ ಮುಂಚೆ ಅರ್ಧ ಗಂಟೆ ತೆಗೆದು, ಎಡಿಟರ್‌ನ ಆವೃತ್ತಿ ಎಲ್ಲಿ ನೋಡಬೇಕು, ಲಾಗ್ ಎಲ್ಲಿ ಓದಬೇಕು, ಪ್ಲಗಿನ್‌ಗಳಿಲ್ಲದೆ ಹೇಗೆ ತೆರೆಯಬೇಕು, ಇಷ್ಟನ್ನು ಹೇಳಿಕೊಡಿ. ಮ್ಯಾನುವಲ್‌ನಲ್ಲಿ ಮೆನುವಿನ ಹೆಸರಿನ ಜೊತೆಗೆ ಯಾವ ಪ್ಯಾಕೇಜ್, ಯಾವ ಆವೃತ್ತಿ ಅಂತ ಒಂದು ಸಾಲು ಸೇರಿಸಿ. ಮಕ್ಕಳೇ, ನೀವೂ ಅಷ್ಟೇ. ಸಹಾಯ ಕೇಳುವಾಗ 'ಬರ್ತಿಲ್ಲ' ಅಂತ ಒಂದೇ ಮಾತು ಹೇಳದೆ ಯಾವ ಎಡಿಟರ್, ಯಾವ ಆವೃತ್ತಿ, ಲಾಗ್‌ನಲ್ಲಿ ಏನಿದೆ ಅಂತ ಹೇಳಿ. ಅನ್‌ಇನ್‌ಸ್ಟಾಲ್ ಬಟನ್‌ಗೆ ಕೈಹಾಕುವ ಮುಂಚೆ ಆ ಲಾಗ್ ಒಮ್ಮೆ ಪೂರ್ತಿ ಓದಿ.