ಕೂದಲೆಳೆಯಲ್ಲಿ ತಪ್ಪಿದವರು

ಕುದುರೆಯ ಮೇಲೆ ಹಣ ಕಟ್ಟಿದ ಮಾತ್ರಕ್ಕೆ ಯಾರೂ ಪಂಟರ್ ಆಗುವುದಿಲ್ಲ. ನೆಂಟರ ಜೊತೆ ಒಂದು ದಿನ ರೇಸ್‌ಕೋರ್ಸ್ ನೋಡಲು ಬಂದು, ನೂರು ರೂಪಾಯಿ ಕಟ್ಟಿ, ಕಳೆದುಕೊಂಡು, ಕಡಲೆಕಾಯಿ ತಿನ್ನುತ್ತಾ ಮನೆಗೆ ಹೋಗುವವರು ಬೇಕಾದಷ್ಟಿದ್ದಾರೆ. ಪಂಟರ್ ಎನ್ನಿಸಿಕೊಳ್ಳಬೇಕಾದರೆ ಸೋತ ಕುದುರೆ ನ್ಯಾಯವಾಗಿ ಗೆಲ್ಲಬೇಕಾಗಿತ್ತು ಎಂಬುದನ್ನು ಕಾರಣ ಸಮೇತ ಸಾಬೀತು ಮಾಡಲು ಬರಬೇಕು. ಹಣ ಕಟ್ಟುವುದು ಇದಕ್ಕೆ ಪ್ರವೇಶ ಶುಲ್ಕ ಅಷ್ಟೇ.

ಕರ್ನಾಟಕದಲ್ಲಿ ಪಂಟರ್‌ನ ಮುಖ್ಯ ನೆಲೆ ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿರುವ ಟರ್ಫ್ ಕ್ಲಬ್. ಪಕ್ಕದ ರೇಸ್‌ಕೋರ್ಸ್ ರಸ್ತೆಗೆ 2023ರಲ್ಲಿ ನಟ ಅಂಬರೀಶ್ ಅವರ ಹೆಸರಿಟ್ಟರು. ಸ್ವತಃ ರೇಸ್‌ಪ್ರಿಯರಾಗಿದ್ದ ಅವರ ಹೆಸರು ಅಲ್ಲಿಗೆ ಒಪ್ಪುತ್ತದೆ ಎಂದು ಪಂಟರ್ ಒಪ್ಪಿಕೊಂಡ. ಆಟೋದವನಿಗೆ ಮಾತ್ರ ಈಗಲೂ 'ರೇಸ್‌ಕೋರ್ಸ್' ಎಂದೇ ಹೇಳುತ್ತಾನೆ. ಬೆಂಗಳೂರಿನಲ್ಲಿ ಬೇಸಿಗೆಯ ಸೀಸನ್ ಒಂದು, ಚಳಿಗಾಲದ ಸೀಸನ್ ಒಂದು. ನಡುವೆ ಬಿಡುವು ಇದೆಯಲ್ಲ, ಆಗ ಸಂಸಾರ ನೋಡಿಕೊಳ್ಳಬಹುದಲ್ಲ ಎಂದು ಮನೆಯವರು ತಿಳಿದರೆ ಅದು ಅವರ ತಪ್ಪು. ಆ ಬಿಡುವಿನಲ್ಲಿ ಮೈಸೂರಿನ ಕುದುರೆಗಳು ಓಡುತ್ತವೆ, ಹೈದರಾಬಾದ್, ಪುಣೆ, ಕೋಲ್ಕತ್ತದ ಕುದುರೆಗಳೂ ಓಡುತ್ತವೆ. ಪರದೆಯ ಮೇಲೆ ಅವನ್ನು ನೋಡಿ ಬೆಂಗಳೂರಿನಲ್ಲೇ ಹಣ ಕಟ್ಟುವ ವ್ಯವಸ್ಥೆ ಇದೆ. ಮೈಸೂರಿನ ರೇಸ್‌ಕೋರ್ಸ್ ಚಾಮುಂಡಿ ಬೆಟ್ಟದ ಬುಡದಲ್ಲೇ ಇರುವುದರಿಂದ ಅಲ್ಲಿನ ಪಂಟರ್‌ಗೆ ಇನ್ನೊಂದು ಅನುಕೂಲ: ನಿಂತಲ್ಲಿಂದಲೇ ಬೆಟ್ಟದ ಕಡೆ ತಿರುಗಿ ಕೈ ಮುಗಿಯಬಹುದು.

ಪಂಟರ್‌ನ ಬಳಿ ಒಂದು ಕಾನೂನಿನ ಆಧಾರವೂ ಇದೆ. ಕುದುರೆ ರೇಸ್ ಅದೃಷ್ಟದ ಜೂಜಲ್ಲ, ಕೌಶಲ ಮೇಲುಗೈಯಾದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತು. ತಳಿ, ತರಬೇತಿ, ಜಾಕಿಯ ಸವಾರಿ, ಹಿಂದಿನ ಓಟಗಳ ದಾಖಲೆ ಇವನ್ನೆಲ್ಲ ತೂಗಿ ನೋಡಿ ಹಣ ಕಟ್ಟಲು ಸಾಧ್ಯವಿದೆ ಎಂಬುದು ಆ ತೀರ್ಪಿನ ಹಿಂದಿನ ವಾದ. ತೀರ್ಪಿನ ಪ್ರತಿ ಓದಿದ ಪಂಟರ್ ಅಪರೂಪ, ಆದರೆ 'ಸುಪ್ರೀಂ ಕೋರ್ಟೇ ಹೇಳಿದೆ' ಎಂಬ ಮಾತನ್ನು ಹೆಂಡತಿಯ ಎದುರು ಬಳಸದ ಪಂಟರ್ ಇನ್ನೂ ಅಪರೂಪ.

ನ್ಯಾಯಮೂರ್ತಿಗಳ ಮನಸ್ಸಿನಲ್ಲಿದ್ದ ಕೌಶಲಕ್ಕೆ ಬೇಕಾದ ಸಾಮಗ್ರಿಯೆಲ್ಲ ರೇಸ್ ಪುಸ್ತಕದಲ್ಲಿ ಸಿಗುತ್ತದೆ. ಯಾವ ಕುದುರೆ, ಅದರ ತಂದೆ-ತಾಯಿ ಯಾರು, ಕಳೆದ ಓಟಗಳಲ್ಲಿ ಎಷ್ಟನೆಯದಾಗಿ ಬಂತು, ಎಷ್ಟು ಭಾರ ಹೊತ್ತಿತ್ತು, ಬೆಳಗಿನ ತಾಲೀಮಿನಲ್ಲಿ 600 ಮೀಟರನ್ನು ಎಷ್ಟು ಸೆಕೆಂಡಿಗೆ ಓಡಿತು, ಎಲ್ಲವೂ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಹೆದರಿ ಓದು ಬಿಟ್ಟವರೂ ಈ ಪುಸ್ತಕವನ್ನು ಮೂರು ಬಣ್ಣದ ಪೆನ್ನು ಹಿಡಿದು ರಾತ್ರಿಯಿಡೀ ಓದುತ್ತಾರೆ. ಅರ್ಧ ಕಿಲೋ ಭಾರಕ್ಕೆ ಒಂದು ಅಂಕದಂತೆ ಕುದುರೆಗಳ ಯೋಗ್ಯತೆ ಅಳೆದು, ಬಲವಾದದ್ದರ ಬೆನ್ನಿಗೆ ಹೆಚ್ಚು ಭಾರ ಹೇರಿ, ಎಲ್ಲವೂ ಒಂದೇ ಗೆರೆಯಲ್ಲಿ ಗುರಿ ಮುಟ್ಟುವಂತೆ ಮಾಡುವುದೇ ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿಯ ಕೆಲಸ. ಆತ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರೆ ಪುಸ್ತಕ ಓದಿ ಗೆಲ್ಲುವ ಕುದುರೆಯನ್ನು ಆರಿಸುವುದು ಬಹಳ ಕಷ್ಟ ಎಂಬ ಸಣ್ಣ ವಿಷಯ ಮಾತ್ರ ಮೂರು ಬಣ್ಣದ ಪೆನ್ನಿನವರಿಗೆ ಹೊಳೆಯುವುದಿಲ್ಲ.

ಪುಸ್ತಕದ ದಾರಿ ಹಿಡಿದವರು ರೇಸ್‌ಕೋರ್ಸಿನ ಪಂಡಿತವರ್ಗ. ಉಳಿದವರಿಗೆ ಬೇರೆ ದಾರಿಗಳಿವೆ. ಸಂಖ್ಯೆಯನ್ನು ನಂಬಿದವನು ಬೆಳಿಗ್ಗೆ ಮನೆ ಬಿಟ್ಟ ಕೂಡಲೇ ಎದುರಾದ ಬಿಎಂಟಿಸಿ ಬಸ್ಸಿನ ನಂಬರ್ ಗುರುತು ಹಾಕಿಕೊಳ್ಳುತ್ತಾನೆ. ಅಂಕಿಗಳನ್ನು ಕೂಡಿದರೆ ಏಳು ಬಂತು ಎಂದಿಟ್ಟುಕೊಳ್ಳಿ. ಇಂದು ಏಳೇ ಗತಿ. ಮುಂದಿನ ತೊಡಕು ಶುರುವಾಗುವುದು ಕೋರ್ಸಿನೊಳಗೆ. ಕುದುರೆಯ ಬೆನ್ನಿನ ಬಟ್ಟೆಯ ಮೇಲೆ ಒಂದು ಸಂಖ್ಯೆ ಇರುತ್ತದೆ, ಕುದುರೆ ಓಟ ಆರಂಭಿಸುವ ಗೇಟಿನ ಸಂಖ್ಯೆ ಬೇರೆ, ರೇಸ್‌ನ ಕ್ರಮಸಂಖ್ಯೆ ಮತ್ತೊಂದು. ಏಳು ಯಾವುದು? ಬಟ್ಟೆಯ ಏಳಕ್ಕೆ ಕಟ್ಟಿದಾಗ ಗೇಟಿನ ಏಳು ಗೆದ್ದರೆ ವಿಧಾನ ತಪ್ಪಲ್ಲ, ಅರ್ಥೈಸಿದ್ದು ತಪ್ಪು. ಜ್ಯೋತಿಷ್ಯ ನಂಬಿದವನ ಪಾಡು ಇನ್ನೂ ಕಷ್ಟ. ರೇಸ್ ಕುದುರೆಗಳು ನಿಜವಾಗಿ ಯಾವ ದಿನ ಹುಟ್ಟಿದರೂ ಭಾರತದಲ್ಲಿ ಅವಕ್ಕೆಲ್ಲ ಜನವರಿ 1ರಂದೇ ವಯಸ್ಸು ತುಂಬುತ್ತದೆ. ಹನ್ನೆರಡು ಕುದುರೆಗೂ ಒಂದೇ ಹುಟ್ಟುಹಬ್ಬವಾದರೆ ಜಾತಕ ಏನು ಮಾಡೀತು?

ಪ್ಯಾಡಕ್ ತಜ್ಞ ಇವರಿಗಿಂತ ವಾಸ್ತವವಾದಿ. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹೊಡೆಸುವ ಜಾಗದ ಕಟಕಟೆಗೆ ಒರಗಿ ಆತ ನಡಿಗೆ, ಬೆವರು, ಕಿವಿಯ ನಿಲುವು, ಬಾಲದ ಆಟ ಇವನ್ನೆಲ್ಲ ಗಮನಿಸುತ್ತಾನೆ. ಓಟಕ್ಕೆ ಮೊದಲೇ ವಿಪರೀತ ಬೆವರುವ ಕುದುರೆ ಗಾಬರಿಯಲ್ಲಿರಬಹುದು ಎಂಬುದರಲ್ಲಿ ಅರ್ಥವಿದೆ. ಆದರೆ ತಜ್ಞನ ಪರಮ ಲಕ್ಷಣ ಲದ್ದಿ. ಪ್ಯಾಡಕ್‌ನಲ್ಲಿ ಲದ್ದಿ ಹಾಕಿದ ಕುದುರೆ ಹಗುರಾಯಿತು, ಆದ್ದರಿಂದ ಅದೇ ಗೆಲ್ಲುತ್ತದೆ ಎಂಬ ನಂಬಿಕೆ ರೇಸ್‌ಪ್ರಿಯರಲ್ಲಿ ಬಹಳ ಹಳೆಯದು. ರೇಸ್ ಕುದುರೆಯ ತೂಕ 450ರಿಂದ 500 ಕಿಲೋ. ಅದರಲ್ಲಿ ಒಂದೆರಡು ಕಿಲೋ ಹೋದರೆ ಎಷ್ಟು ಹಗುರಾಯಿತು ಎಂದು ಲೆಕ್ಕ ಹಾಕುವ ಅರಸಿಕರನ್ನು ಕಟಕಟೆಯ ಬಳಿ ಬಿಟ್ಟುಕೊಳ್ಳುವುದಿಲ್ಲ. ಒಂದೇ ಸುತ್ತಿನಲ್ಲಿ ಮೂರು ಕುದುರೆಗಳು ಲದ್ದಿ ಹಾಕಿದರೆ ಪ್ಯಾಡಕ್ ತಜ್ಞ ಮೂಕನಾಗುವುದುಂಟು.

ಇವರೆಲ್ಲರಿಗಿಂತ ದೊಡ್ಡ ವರ್ಗ ಟಿಪ್ಸ್ ನಂಬಿದವರದು. ಟಿಪ್ಸ್ ಎಂದೂ ನೇರವಾಗಿ ಬರುವುದಿಲ್ಲ. ಕುದುರೆ ನೋಡಿಕೊಳ್ಳುವ ಸೈಸ್ ತನ್ನ ಭಾವಮೈದುನನಿಗೆ ಹೇಳಿದ್ದು, ಆತ ಬೀಡಾ ಅಂಗಡಿಯಲ್ಲಿ ಪಿಸುಗುಟ್ಟಿದ್ದು, ಅಂಗಡಿಯವನು 'ನಿಮಗೆ ಮಾತ್ರ' ಎಂದು ಕೊಟ್ಟದ್ದು ಹೀಗೆ ಅದಕ್ಕೊಂದು ವಂಶಾವಳಿ ಇರುತ್ತದೆ. ಟಿಪ್ಸ್ ಕೊಡುವ ಚಾಣಾಕ್ಷನ ವ್ಯಾಪಾರ ಬಲು ಸರಳ: ಹತ್ತು ಕುದುರೆಗಳ ರೇಸ್‌ನಲ್ಲಿ ಹತ್ತು ಜನಕ್ಕೆ ಹತ್ತು ಹೆಸರು ಹೇಳುತ್ತಾನೆ. ಒಂಬತ್ತು ಜನ ಅವನನ್ನು ಹುಡುಕುತ್ತಾರೆ, ಅವನು ಹತ್ತನೆಯವನನ್ನು ಹುಡುಕಿಕೊಂಡು ಹೋಗಿ ಭಕ್ಷೀಸು ಇಸಿದುಕೊಳ್ಳುತ್ತಾನೆ. ಟಿಪ್ಸ್ ನಿಜವೇ ಆಗಿದ್ದರೂ ಅದರಲ್ಲಿ ಇನ್ನೊಂದು ಪೇಚಿದೆ. ಟೋಟ್ ಎಂಬ ಯಂತ್ರದ ಕೌಂಟರ್‌ನಲ್ಲಿ ಕಟ್ಟಿದ ಹಣವೆಲ್ಲ ಒಂದೇ ಹುಂಡಿಗೆ ಬೀಳುತ್ತದೆ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಜೋಸೆಫ್ ಓಲರ್ ಎಂಬಾತ ರೂಢಿಗೆ ತಂದ ಪದ್ಧತಿ ಇದು. ಕ್ಲಬ್ಬಿನ ಪಾಲು, ಸರ್ಕಾರದ ಪಾಲು ಕಳೆದು ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಗುಟ್ಟು ತಿಳಿದವರು ಹೆಚ್ಚಾದಷ್ಟೂ ಹಂಚಿಕೊಳ್ಳುವವರು ಹೆಚ್ಚಾಗಿ ಪಾಲು ಸಣ್ಣದಾಗುತ್ತದೆ. 'ಯಾರಿಗೂ ಹೇಳಬೇಡಿ' ಎಂಬ ಎಚ್ಚರಿಕೆಯನ್ನು ಇಡೀ ಸ್ಟ್ಯಾಂಡಿಗೆ ಹಂಚಿದ ಮೇಲೆ ಕುದುರೆ ಗೆದ್ದರೆ, ಕೈಗೆ ಬಂದ ಲಾಭದಲ್ಲಿ ಆಟೋ ಬಾಡಿಗೆಗೂ ತತ್ವಾರ. ಅಂಥ ದಿನ ಪಂಟರ್ ಗೆದ್ದೂ ಸೋತ ಮುಖದಲ್ಲಿರುತ್ತಾನೆ.

ಟಿಪ್ಸ್‌ನಿಂದ ಬೆಂದವರು ಗಣಿತಕ್ಕೆ ಶರಣಾಗುತ್ತಾರೆ. ಎಲ್ಲರೂ ಗೆಲ್ಲುತ್ತದೆನ್ನುವ ಫೇವರಿಟ್ ಕುದುರೆ ಲೋಕದ ಬಹುತೇಕ ರೇಸ್‌ಕೋರ್ಸ್‌ಗಳಲ್ಲಿ ಸುಮಾರು ಮೂರಕ್ಕೆ ಒಂದು ಸಲ ಗೆಲ್ಲುತ್ತದೆ. ಇದನ್ನು ಅರಿತವನು ದುಪ್ಪಟ್ಟು ವಿಧಾನ ಹಿಡಿಯುತ್ತಾನೆ: ಫೇವರಿಟ್ ಮೇಲೆ ನೂರು ಕಟ್ಟು, ಸೋತರೆ ಮುಂದಿನ ರೇಸ್‌ಗೆ ಇನ್ನೂರು, ಮತ್ತೆ ಸೋತರೆ ನಾನೂರು. ಎಂದಾದರೂ ಗೆದ್ದೇ ಗೆಲ್ಲುತ್ತದೆ, ಎಲ್ಲ ವಾಪಸು ಬರುತ್ತದೆ. ಕಾಗದದ ಮೇಲೆ ಇದರಲ್ಲಿ ದೋಷವೇ ಇಲ್ಲ. ಆದರೆ ಎಂಟು ಸಲ ಸತತವಾಗಿ ಸೋತರೆ ಹೋದ ಹಣ 25,500 ರೂಪಾಯಿ, ಒಂಬತ್ತನೆಯ ಸಲ ಕಟ್ಟಬೇಕಾದದ್ದು 25,600. ಅಷ್ಟೆಲ್ಲ ಸುರಿದು ಕೊನೆಗೆ ಕಟ್ಟಿದಷ್ಟೇ ಲಾಭ ಕೊಡುವ ಸಮಬೆಲೆಯ ಕುದುರೆ ಗೆದ್ದರೆ ಉಳಿಯುವ ಲಾಭ ಮೊದಲು ಆಸೆಪಟ್ಟ ಅದೇ ನೂರು ರೂಪಾಯಿ. ಆ ಹೊತ್ತಿಗೆ ಸಾಮಾನ್ಯವಾಗಿ ಒಂಬತ್ತನೇ ರೇಸ್ ಇರುವುದಿಲ್ಲ, ಇದ್ದರೂ ಜೇಬು ಇರುವುದಿಲ್ಲ.

ಜಾಕ್‌ಪಾಟ್ ಆಡುವವನಿಗೆ ಇಂಥ ಚಿಲ್ಲರೆ ಲೆಕ್ಕ ಬೇಡ. ಐದು ರೇಸ್‌ಗಳ ಐದು ವಿಜೇತರನ್ನು ಮುಂಚಿತವಾಗಿ ಹೇಳುವುದು ಅವನ ಗುರಿ. ಪ್ರತಿ ರೇಸ್‌ನಲ್ಲಿ ಹತ್ತು ಕುದುರೆ ಎಂದರೂ ಒಟ್ಟು ಜೋಡಣೆ 1,00,000. ಈತ ಯಾವಾಗಲೂ ನಾಲ್ಕು ಸರಿಯಾಗಿ ಹೇಳಿದವನು. ಐದನೆಯದು ಎಲ್ಲಿ ತಪ್ಪಿತು ಎಂಬ ಕಥೆಯನ್ನು ಮದುವೆ ಮನೆಯ ಎರಡನೇ ಪಂಕ್ತಿ ಏಳುವವರೆಗೂ ಹೇಳಬಲ್ಲ.

ಪಂಟರ್‌ನ ನಿಜವಾದ ಪಾಂಡಿತ್ಯ ಬೆಳಗುವುದು ಓಟ ಮುಗಿದ ಮೇಲೆಯೇ. 1200 ಮೀಟರ್ ಓಟ ಒಂದೂಕಾಲು ನಿಮಿಷದಲ್ಲಿ ಮುಗಿಯುತ್ತದೆ, ಅದರ ವಿಶ್ಲೇಷಣೆ ಕತ್ತಲಾಗುವವರೆಗೂ ಸಾಗುತ್ತದೆ. ಜಾಕಿ ಬೇಗ ಬಿಟ್ಟ, ಅಥವಾ ತಡವಾಗಿ ಬಿಟ್ಟ. ತಿರುವಿನಲ್ಲಿ ದಾರಿ ಸಿಗಲಿಲ್ಲ. ಮಳೆ ಬಂದು ನೆಲ ಮೆತ್ತಗಾಯಿತು, ಬಾರದೆ ಗಟ್ಟಿಯಾಯಿತು. ಕಟ್ಟಿದ ಕುದುರೆ ಕೊನೆಯದಾಗಿ ಬಂದರೆ ಅದನ್ನು ಬೇಕೆಂದೇ ತಡೆದು ಹಿಡಿದರು, ಮುಂದಿನ ಸಲಕ್ಕೆ ಬೆಲೆ ಏರಿಸುವ ಸಂಚು ಇದು, ಆದ್ದರಿಂದ ಮುಂದಿನ ಸಲ ಎರಡರಷ್ಟು ಕಟ್ಟಬೇಕು. ಎರಡನೆಯದಾಗಿ ಬಂದರಂತೂ ಸೋಲೇ ಅಲ್ಲ. ಫೋಟೊ ಫಿನಿಶ್‌ನಲ್ಲಿ ಮೂಗಿನಷ್ಟು ಅಂತರದಲ್ಲಿ ತಪ್ಪಿದ್ದನ್ನು ಪಂಟರ್ ತನ್ನ ಗೆಲುವಿನ ಪಟ್ಟಿಯಲ್ಲೇ ಬರೆದುಕೊಳ್ಳುತ್ತಾನೆ, ಹಣ ಬರದಿದ್ದುದು ತಾಂತ್ರಿಕ ಕಾರಣದಿಂದ. ಈ ಬಗೆಯ ತರ್ಕವಿದ್ದರೆ ಯಾವ ವಿಧಾನವೂ ಎಂದೂ ಸೋಲಲಾರದು. ಸೋಲುವುದು ಕುದುರೆ, ಜಾಕಿ, ಮಳೆ, ಕೆಲವೊಮ್ಮೆ ದಾರಿಗೆ ಅಡ್ಡ ಬಂದ ಬೆಕ್ಕು.

ಆಸೆ ಇಷ್ಟಕ್ಕೆ ತೀರದವರು, ಕೈಯಲ್ಲಿ ಕಾಸಿರುವವರು, ಕುದುರೆಯನ್ನೇ ಕೊಳ್ಳುತ್ತಾರೆ. ಪಂಟರ್‌ನ ಭರವಸೆಯ ಆಯಸ್ಸು ಎರಡು ನಿಮಿಷವಾದರೆ ಮಾಲೀಕನದು ವರ್ಷಗಟ್ಟಲೆ. ಹೈದರ್-ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಕುಣಿಗಲ್ ಮೊದಲುಗೊಂಡು ದೇಶದ ಹಲವು ಸ್ಟಡ್ ಫಾರ್ಮ್‌ಗಳಲ್ಲಿ ಮರಿಗಳು ಹುಟ್ಟುತ್ತವೆ. ತಾಯಿ ಹೊರುವುದು ಹನ್ನೊಂದು ತಿಂಗಳು, ಮರಿ ರೇಸ್ ಓಡಲು ಕನಿಷ್ಠ ಎರಡು ವರ್ಷ ತುಂಬಬೇಕು. ಮರಿ ಕೊಂಡ ದಿನವೇ ಮಾಲೀಕ ಡರ್ಬಿ ಎಂಬ ದೊಡ್ಡ ರೇಸ್‌ಗೆ ಹಾಕಿಕೊಳ್ಳುವ ಕೋಟಿನ ಬಟ್ಟೆ ನೋಡಿರುತ್ತಾನೆ. ಮರಿಯ ಕಾಲಿಗಿಂತ ಅದರ ವಂಶವೃಕ್ಷದ ಮೇಲೆ ಅವನಿಗೆ ನಂಬಿಕೆ ಹೆಚ್ಚು. ಮುತ್ತಾತ ಯಾವ ದೇಶದಲ್ಲಿ ಯಾವ ಕಪ್ ಗೆದ್ದ ಎಂಬುದನ್ನು ಬಾಯಿಪಾಠ ಹೇಳುತ್ತಾನೆ. ಥರೋಬ್ರೆಡ್ ಎಂಬ ಈ ರೇಸ್ ತಳಿಯ ಕುದುರೆಗಳೆಲ್ಲದರ ಗಂಡು ಸಂತತಿಯ ಮೂಲ 17-18ನೇ ಶತಮಾನದಲ್ಲಿ ಇಂಗ್ಲೆಂಡಿಗೆ ತಂದ ಮೂರೇ ಗಂಡುಕುದುರೆಗಳಿಗೆ ಹೋಗಿ ನಿಲ್ಲುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಡರ್ಬಿ ಗೆದ್ದ ಕುದುರೆಯ ಗೋತ್ರವೂ ಇದೇ, ಧೂಳು ಕುಡಿಯುತ್ತಾ ಕೊನೆಗೆ ಬಂದದ್ದರ ಗೋತ್ರವೂ ಇದೇ.

ನಾಮಕರಣದಲ್ಲಿ ಮನೆಮಂದಿಯೆಲ್ಲ ಪಾಲ್ಗೊಳ್ಳುತ್ತಾರೆ. ಖಾಲಿ ಜಾಗವೂ ಸೇರಿ ಇಂಗ್ಲಿಷಿನ 18 ಅಕ್ಷರ ಮೀರಬಾರದು ಎಂಬ ನಿಯಮವಿರುವುದರಿಂದ ಮನೆದೇವರು, ಮೊಮ್ಮಗಳು, ಮಿಂಚು, ಬಿರುಗಾಳಿ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಹಿಡಿಸಲು ಆಗುವುದಿಲ್ಲ, ಮನಸ್ತಾಪಗಳಾಗುತ್ತವೆ. ಆಮೇಲೆ ತಿಂಗಳ ಬಿಲ್ ಬರಲು ಶುರುವಾಗುತ್ತದೆ: ತರಬೇತಿ, ಮೇವು, ಲಾಳ, ಪಶುವೈದ್ಯ, ಸೈಸ್. ಕುದುರೆ ಓಡಿದರೂ ಓಡದಿದ್ದರೂ ತಿನ್ನುವುದನ್ನು ಮಾತ್ರ ಬಿಡುವುದಿಲ್ಲ. ಗೆದ್ದರೆ ಬಹುಮಾನದಲ್ಲಿ ತರಬೇತುದಾರನ ಪಾಲು, ಜಾಕಿಯ ಪಾಲು ಕಳೆಯಬೇಕು, ಸೋತರೆ ನಷ್ಟ ಪೂರ್ತಿ ಮಾಲೀಕನದು.

ಒಂದೂ ರೇಸ್ ಗೆಲ್ಲದ ಕುದುರೆಗೆ ರೇಸ್ ಭಾಷೆಯಲ್ಲಿ ಮೇಡನ್ ಎನ್ನುತ್ತಾರೆ. ಐದು ವರ್ಷದ ಮೇಡನ್ ಕುದುರೆಯ ಮಾಲೀಕನಷ್ಟು ಆಶಾವಾದಿ ಸಿಗುವುದು ಕಷ್ಟ. 1200 ಮೀಟರ್‌ನಲ್ಲಿ ಹಿಂದೆ ಬಿದ್ದಾಗ 'ಇದು ದೂರದ ಓಟಗಾರ' ಎನ್ನುತ್ತಾನೆ, 2000 ಮೀಟರ್‌ನಲ್ಲಿ ಇನ್ನೂ ಹಿಂದೆ ಬಿದ್ದಾಗ 'ವೇಗ ಜಾಸ್ತಿ, ದೂರ ಆಗಲ್ಲ' ಎನ್ನುತ್ತಾನೆ. ಕಣ್ಣಿಗೆ ಬ್ಲಿಂಕರ್ ಹಾಕಿಸುತ್ತಾನೆ, ಮುಂದಿನ ಓಟಕ್ಕೆ ತೆಗೆಸುತ್ತಾನೆ. ಜಾಕಿ ಬದಲು, ತರಬೇತುದಾರ ಬದಲು, ಬೆಂಗಳೂರಿನ ಹವೆ ಒಗ್ಗಲಿಲ್ಲವೆಂದು ಮೈಸೂರಿಗೆ ವರ್ಗ. ಗಂಡುಕುದುರೆಯಾದರೆ ಕೊನೆಯ ಉಪಾಯವಾಗಿ ಬೀಜ ಒಡೆಸುವುದೂ ಉಂಟು. ತಪ್ಪು ಯಾರದಾದರೂ ಶಿಕ್ಷೆ ಕುದುರೆಗೆ. ತರಬೇತುದಾರನ ಫೋನಿಗೆ ಇವನು ಕಾಯುವ ರೀತಿ ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡನದು. 'ಕುದುರೆ ಚೆನ್ನಾಗಿದೆ ಸರ್, ಮೇವು ಪೂರ್ತಿ ತಿಂತಿದೆ' ಎಂದರೆ ಡರ್ಬಿ ಖಚಿತ. ಅನುಭವಿ ತರಬೇತುದಾರರು 'ಗೆಲ್ಲುತ್ತದೆ' ಎಂದೂ ಹೇಳುವುದಿಲ್ಲ, 'ಗೆಲ್ಲಲ್ಲ' ಎಂದೂ ಹೇಳುವುದಿಲ್ಲ, 'ಇದಕ್ಕೆ ಇನ್ನೊಂದು ಓಟ ಬೇಕು ಸರ್' ಎನ್ನುತ್ತಾರೆ. ಆ ಇನ್ನೊಂದು ಓಟದ ಮೇಲೆಯೇ ಲಾಯಗಳು ನಡೆಯುತ್ತಿವೆ.

ಎಂದಾದರೊಂದು ದಿನ ಕುದುರೆ ಗೆದ್ದೇಬಿಡುತ್ತದೆ. ಆಗ ಸಂಸಾರ ಸಮೇತ ಒಳಗೆ ಹೋಗಿ, ಲಗಾಮು ಹಿಡಿದು ಕುದುರೆಯನ್ನು ನಡೆಸಿಕೊಂಡು ಬಂದು ತೆಗೆಸಿಕೊಳ್ಳುವ ಫೋಟೊ ಹಜಾರದ ಗೋಡೆ ಏರುತ್ತದೆ. ಆ ಫೋಟೊಗೆ ಒಟ್ಟು ಎಷ್ಟು ಖರ್ಚಾಯಿತು ಎಂದು ಕೇಳುವ ಅಧಿಕಾರ ಲೆಕ್ಕಪರಿಶೋಧಕರಿಗೆ ಮಾತ್ರ ಇದೆ, ಅವರೂ ಮೆಲ್ಲಗೆ ಕೇಳುತ್ತಾರೆ.

ಆದಾಯ ತೆರಿಗೆಯ ಕಾನೂನು ಪಂಟರ್, ಮಾಲೀಕ ಇಬ್ಬರನ್ನೂ ಬೇರೆ ಬೇರೆಯಾಗಿ ಅಳೆದಿದೆ. ರೇಸ್‌ನಲ್ಲಿ ಗೆದ್ದ ಹಣಕ್ಕೆ ಶೇಕಡಾ 30ರ ದರದಲ್ಲಿ ತೆರಿಗೆ. ಅದಕ್ಕೆ ಎದುರಾಗಿ ಪಂಟರ್ ತಾನು ಕಳೆದುಕೊಂಡದ್ದನ್ನು ತೋರಿಸಿ ಒಂದು ರೂಪಾಯಿಯನ್ನೂ ಕಳೆಯುವಂತಿಲ್ಲ. ಮಾಲೀಕನಿಗೆ ಮಾತ್ರ ಸಣ್ಣ ರಿಯಾಯಿತಿ ಇದೆ: ರೇಸ್ ಕುದುರೆ ಸಾಕಿ ಆದ ನಷ್ಟವನ್ನು ಅದೇ ಬಾಬತ್ತಿನಲ್ಲಿ ಮುಂದೆ ಬರಬಹುದಾದ ಲಾಭದ ಎದುರು ಕಳೆಯಲು ನಾಲ್ಕು ವರ್ಷಗಳವರೆಗೆ ಹೊತ್ತುಕೊಂಡು ಹೋಗಬಹುದು.